ಒಂದೇ ಟ್ರಂಕಿನಲ್ಲಿ ರಾಮ, ರಾವಣ

ಮನೆಯಲ್ಲಿ ಜಗಳವಾಗುವುದು ದೊಡ್ಡ ಸಂಗತಿಯಲ್ಲ. ಆ ಜಗಳಕ್ಕೆ ಒಂದು ಕಾರಣ ಸಿಕ್ಕಿಬಿಡುವುದು ದೊಡ್ಡ ಸಂಗತಿ. ಕಾರಣವಿಲ್ಲದ ಜಗಳ ಸಂಜೆ ಶುರುವಾದರೆ ಊಟದ ಹೊತ್ತಿಗೆ ತಾನಾಗಿಯೇ ತಣ್ಣಗಾಗುತ್ತದೆ. ಯಾವುದಕ್ಕೆ ಶುರುವಾಯಿತು ಎನ್ನುವುದು ಅಷ್ಟರಲ್ಲಿ ಇಬ್ಬರಿಗೂ ಮರೆತಿರುತ್ತದೆ. ಕಾರಣವಿರುವ ಜಗಳಕ್ಕೆ ಈ ಸೌಕರ್ಯವಿಲ್ಲ. ನನ್ನ ತಾಯಿಯೂ ನನ್ನ ಹೆಂಡತಿ ಮುನಿರತ್ನಳೂ, ಅವಳು ನಮ್ಮ ಮನೆಗೆ ಬಂದ ಲಾಗಾಯ್ತು, ಸಾರಿನ ಉಪ್ಪು, ಒಲೆಯ ಬೂದಿ, ಬಾಗಿಲ ರಂಗೋಲಿ ಎಂದು ಏನಾದರೂ ಒಂದನ್ನು ಹಿಡಿದುಕೊಂಡು ಜಗಳವಾಡಿಕೊಂಡು ಸುಖವಾಗಿಯೇ ಇದ್ದರು. ಅಂಥ ಹೊತ್ತಿನಲ್ಲಿ ನಾನು ಎದ್ದು ಜಗಲಿಗೆ ಹೋಗಿಬಿಡುತ್ತಿದ್ದೆ. ಆಮೇಲೆ ಅಮ್ಮ ಒಬ್ಬಳೇ ಸಿಕ್ಕಾಗ "ನೀನು ಹೇಳೋದೇ ಸರಿ" ಎನ್ನುತ್ತಿದ್ದೆ, ಹೆಂಡತಿ ಒಬ್ಬಳೇ ಸಿಕ್ಕಾಗ ಅವಳಿಗೂ ಅದನ್ನೇ ಹೇಳುತ್ತಿದ್ದೆ. ಇದಕ್ಕೆ ನ್ಯಾಯಬುದ್ಧಿ ಎಂದು ನಾನು ಹೆಸರಿಟ್ಟುಕೊಂಡಿದ್ದೆ. ಹೀಗಿರುವಾಗ ಅವರ ಜಗಳಕ್ಕೆ ಒಂದು ಕಾರಣ ಬಂತು, ಅದೂ ಮೇಲಿನವರ ಸುತ್ತೋಲೆಯ ಮೂಲಕ.

ಆಗ ನಾವು ಬಂಗಾರಪೇಟೆಯಲ್ಲಿದ್ದೆವು. ಸ್ಟೇಷನ್ನಿನ ಬೋರ್ಡಿನಲ್ಲಿ ಅದಕ್ಕೆ ಬೌರಿಂಗ್‌ಪೇಟೆ ಎಂದು ಬರೆದಿತ್ತು. ಬೆಳಿಗ್ಗೆ ಎದ್ದು ರಾಗಿ ಅಂಬಲಿ ಕುಡಿದು ಗಾಡಿ ಹತ್ತಿ ಕೋರಮಂಡಲ್‌ನಲ್ಲಿ ಇಳಿದರೆ ನನ್ನ ಶಾಲೆ. ಚಿನ್ನದ ಗಣಿಯೊಳಕ್ಕೆ ಇಳಿಯುವವರ ಮಕ್ಕಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನನ್ನ ಮುಂದೆ ಮಾತ್ರ ನನ್ನ ಮೇಲಿನ ಕನಿಕರಕ್ಕೆ ಕನ್ನಡ. ಕೈಕೆಲಸದ ತರಗತಿಯಲ್ಲಿ ಆಯಾ ಸೀಮೆಯ ಕಸುಬನ್ನೇ ಕಲಿಸಬೇಕು, ಕಲಿಸುವ ಮೇಷ್ಟ್ರು ಆ ಕಸುಬಿನವರಲ್ಲಿ ಹೋಗಿ ಅದರ ಕ್ರಮವನ್ನೂ ರೂಢಿಯನ್ನೂ ತಿಳಿದು ಬರೆದಿಡಬೇಕು ಎಂದು ಸುತ್ತೋಲೆ ಬಂತು. ಹೆಡ್ ಮಾಸ್ತರರು ಅದನ್ನು ಗಟ್ಟಿಯಾಗಿ ಓದಿ ತಲೆ ಎತ್ತಿದಾಗ ಉಳಿದ ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ನಾನು ಕಿಟಕಿಯಲ್ಲಿ ಹೋಗುತ್ತಿದ್ದ ಒಂದು ಮೇಕೆಯನ್ನು ನೋಡುತ್ತಿದ್ದೆ. ಕೆಲಸ ನನಗೆ ಬಿತ್ತು.

ಮಡಕೆ ಎಂದರೆ ಮಣ್ಣು, ಬುಟ್ಟಿ ಎಂದರೆ ಸಿಬಿರು ಚುಚ್ಚುತ್ತದೆ ಎಂದು ಲೆಕ್ಕ ಹಾಕಿ ನಾನು ತೊಗಲುಬೊಂಬೆಯನ್ನು ಆರಿಸಿಕೊಂಡೆ. ಬೊಂಬೆಯಾಟದ ಸಿದ್ದಪ್ಪ ನನಗೆ ಮೊದಲೇ ಗೊತ್ತಿದ್ದ. ಹೆಂಡತಿಯ ತವರು ಕಾಮಸಮುದ್ರದಲ್ಲಿ ಸುಗ್ಗಿಯ ಮೇಲೆ ಅವನು ರಾಮಾಯಣ ಆಡಿಸುತ್ತಿದ್ದ. ಅವನು ಬೊಂಬೆ ಕುಣಿಸಿದರೆ ಅವನ ಹೆಂಡತಿ ಗಂಗಮ್ಮ ಪರದೆಯ ಹಿಂದೆ ಕೂತು ಹಾಡುತ್ತಿದ್ದಳು. ನಾನು ಹೋದಾಗ ಅವರು ಮಳೆಗಾಲ ಕಳೆಯಲು ಗಡಿಯಾಚೆಯ ನೆಂಟರ ಊರಿಗೆ ಹೊರಟಿದ್ದರು. ತೇವ ತಗುಲಿದರೆ ತೊಗಲು ಸೊಟ್ಟಗಾಗುತ್ತದೆ, ನಮ್ಮದು ಹೆಂಚಿನ ಮನೆ, ಹೀಗಾಗಿ ಸಿದ್ದಪ್ಪ ಮಳೆ ಬಿಡುವವರೆಗೆ ಬೊಂಬೆ ಕೊಡಲು ಒಪ್ಪಿದ.

"ಮೂರೂ ತಗೊಂಡೋಗಿ ಮೇಷ್ಟ್ರೇ. ರಾಮದೇವ್ರು, ರಾವಣ, ಇವನು ಕ್ಯಾತ" ಎಂದು ತೆಗೆದು ಮುಂದಿಟ್ಟ.

ಕ್ಯಾತನನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಕಾಣದವರಿಗೆ ವಿವರಿಸುವುದು ಕಷ್ಟ. ಡೊಳ್ಳು ಹೊಟ್ಟೆ, ಸೊಟ್ಟ ಮೂಗು, ಮೈಗೆ ಸಾಲದ ಬಟ್ಟೆ. ಆಟದಲ್ಲಿ ಅವನು ಬಾಯಿ ತೆರೆದರೆ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ನಗಲೆಂದೇ ಮುಂದೆ ಬಂದು ಕೂರುತ್ತಿದ್ದರು. ಇವನನ್ನು ಕರಿಹಲಗೆಯ ಪಕ್ಕ ನಿಲ್ಲಿಸುವುದು ಹೇಗೆ? "ಇವನು ಬೇಡ ಸಿದ್ದಪ್ಪ, ಮಕ್ಕಳ ಶಾಲೆ ಅದು" ಎಂದೆ.

"ಇವನಿಲ್ದೆ ಇವರಿಬ್ರು ಎಂಗಿರ್ತಾರೆ ಸಾಮಿ?" ಎಂದಳು ಗಂಗಮ್ಮ. ಬೊಂಬೆಯ ಮೇಲಿನ ಮಮತೆಗೆ ಹೇಳುತ್ತಾಳೆ ಎಂದುಕೊಂಡೆ.

"ಓಗ್ಲಿ, ಇವರಿಬ್ರುನ್ನೇ ಒಂದೇ ಪೆಟ್ಟಿಗೇಲಿ ಮಡಗಬ್ಯಾಡಿ. ಮನೇಲಿ ಜಗಳ ಆಯ್ತದೆ" ಎಂದ ಸಿದ್ದಪ್ಪ. ರೂಢಿಗಳು ಎಂಬ ತಲೆಬರಹದ ಕೆಳಗೆ ಇದನ್ನು ಬರೆದುಕೊಂಡೆ. ಓದಿದವನಾದ್ದರಿಂದ ಸ್ವಲ್ಪ ನಕ್ಕೆ. ಮನೆಗೆ ಬಂದು ಎರಡು ಬೊಂಬೆಗಳ ಕೈಕಾಲು ಮಡಿಸಿ ಹೆಂಡತಿಯ ತಗಡಿನ ಟ್ರಂಕಿನಲ್ಲಿ ಒಂದರ ಮೇಲೊಂದು ಮಲಗಿಸಿದೆ. ಮನೆಯಲ್ಲಿ ಬೇರೆ ಜಾಗವಿರಲಿಲ್ಲ.

ಅಂದು ಸಂಜೆ ಹುರುಳಿಸಾರಿಗೆ ಉಪ್ಪು ಹೆಚ್ಚಾಗಿ ಜಗಳವಾಯಿತು. ಹಿಂದಿನ ಸಂಜೆಯೂ ಆಗಿತ್ತು, ಅದರ ಹಿಂದಿನ ಸಂಜೆಯೂ ಆಗಿತ್ತು. ಆದರೆ ಅಂದು ನಾನು ಊಟಕ್ಕೆ ಕೂತಾಗ ಸಿದ್ದಪ್ಪನ ಮಾತನ್ನು ತಮಾಷೆಗೆಂದು ಹೇಳಿದೆ. ಅಮ್ಮ ತಮಾಷೆಯನ್ನು ಕೇಳಿಸಿಕೊಳ್ಳಲಿಲ್ಲ. ಮುದ್ದೆಯನ್ನು ಅಲ್ಲೇ ಬಿಟ್ಟು ಎದ್ದು ಟ್ರಂಕು ತೆಗೆದು ನೋಡಿದಳು.

"ಏನ್ಲಾ ಇದು, ರಾಮದೇವ್ರುನ್ನ ತಂದು ಆ ರಾಕ್ಷಸನ ಮೇಲೆ ಮಲಗಿಸಿದ್ದೀಯ? ಅದುಕ್ಕೇ ಕಣ್ಲಾ ಈ ಮನೇಲಿ ನೆಮ್ಮದಿ ಇಲ್ದಿರಾದು."

ಬೊಂಬೆ ಬಂದು ಇನ್ನೂ ಒಂದು ಹಗಲು ಕಳೆದಿರಲಿಲ್ಲ, ನೆಮ್ಮದಿ ಹೋಗಿ ವರ್ಷಗಳೇ ಆಗಿದ್ದವು ಎಂದು ನಾನು ಹೇಳಬಹುದಿತ್ತು. ಜಗಲಿಗೆ ಹೋದೆ. ಅಮ್ಮ ರಾಮನನ್ನು ತನ್ನ ಮರದ ಪೆಟ್ಟಿಗೆಗೆ ಕರೆದುಕೊಂಡಳು. ಬೆಳಿಗ್ಗೆ ಆ ಪೆಟ್ಟಿಗೆಯ ಮುಂದೆ ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ಒಂದು ಬೆಲ್ಲದಚ್ಚು ಇತ್ತು.

ಮುನಿರತ್ನ ಆ ದೀಪವನ್ನು ನೋಡಿದಳು, ತನ್ನ ಟ್ರಂಕನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ರಾಮ ಅತ್ತೆ ಪೆಟ್ಟಿಗೇಲಿ, ರಾವಣ ನನ್ನ ಧಾರೆ ಸೀರೆ ಮ್ಯಾಲೆ. ಅಂಗಾರೆ ನಾನು ಲಂಕೆಯೋಳೇನ್ರೀ?"

ಗಾಡಿಗೆ ಹೊತ್ತಾಯಿತು ಎಂದು ನಾನು ಚೀಲ ಎತ್ತಿಕೊಂಡೆ. ಬೀದಿಯ ಹೆಂಗಸರು ರಾಮನನ್ನು ನೋಡಲು ಬಂದರು, ಕೈಮುಗಿದರು, ಅಮ್ಮನ ಭಾಗ್ಯವನ್ನು ಹೊಗಳಿದರು. ರಾವಣನನ್ನು ಕೇಳಿದವರು ಒಬ್ಬರೂ ಇಲ್ಲ. ಇದು ಹೆಂಡತಿಗೆ ನಾಟಿತು. "ಅವನೂ ಶಿವಭಕ್ತನೇ" ಎಂದು ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ರಾವಣನ ಹತ್ತು ಹಣೆಗೂ ವಿಭೂತಿ ಇಟ್ಟಳು. ಹತ್ತು ಹಣೆಯಾದ್ದರಿಂದ ನನ್ನ ಅಂಬಲಿ ತಡವಾಯಿತು, ಗಾಡಿ ತಪ್ಪಿತು. ರಾಮನಿಗೆ ಒಂದಚ್ಚು ಬೆಲ್ಲವಾದರೆ ರಾವಣನಿಗೆ ಎರಡಚ್ಚು. ಅಮ್ಮ ರಾಮನಿಗೆ ಮೂರಿಟ್ಟಳು. ಬೆಲ್ಲವನ್ನು ತಿಂದದ್ದು ಇರುವೆ. ಎರಡೂ ಕಡೆಯಿಂದ ಭೇದವಿಲ್ಲದೆ ತಿಂದಿತು.

ಅಳತೆ ತೆಗೆಯಲು ಎರಡು ಬೊಂಬೆಗಳನ್ನೂ ಶಾಲೆಗೆ ಒಯ್ಯಬೇಕಿತ್ತು. ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಒಂದೊಂದು ಕಂಕುಳಲ್ಲಿ ಒಬ್ಬೊಬ್ಬರನ್ನು ಇಟ್ಟುಕೊಂಡು ಗಾಡಿ ಹತ್ತಿದೆ. ನೂಕಾಟದಲ್ಲಿ ಬಟ್ಟೆ ಜಾರಿ ರಾಮನ ಮುಖ ಕಂಡಿತು. ಕೂತಿದ್ದ ಮುದುಕಿಯೊಬ್ಬಳು "ಸಾಮೀ" ಎಂದು ಎದ್ದು ಜಾಗ ಬಿಟ್ಟಳು. ರಾಮ ಕೋರಮಂಡಲ್‌ವರೆಗೆ ಕಿಟಕಿಯ ಪಕ್ಕ ಕೂತು ಬಂದ. ರಾವಣನೂ ನಾನೂ ನಿಂತುಕೊಂಡು ಬಂದೆವು.

ಶಾಲೆಯಲ್ಲಿ ಮಕ್ಕಳು ರಟ್ಟು ಕತ್ತರಿಸಿ ಬಣ್ಣ ಬಳಿದು ಬೊಂಬೆ ಮಾಡಿದರು. ಎಲ್ಲರಿಗೂ ರಾವಣನೇ ಬೇಕು. ರಾಮನನ್ನು ಮಾಡು ಎಂದರೆ ಶಿಕ್ಷೆ ಕೊಟ್ಟಂತೆ ಮುಖ ಮಾಡುತ್ತಿದ್ದರು. ಕೊನೆಗೆ ಪರದೆ ಕಟ್ಟಿ ಆಟ ಆಡಿಸಿದೆವು. ರಾಮ ಬಂದ, ರಾವಣ ಬಂದ, ಹೊಡೆದಾಡಿದರು, ಮುಗಿಯಿತು. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಹೆಡ್ ಮಾಸ್ತರರು ಇಷ್ಟೇನಾ ಎಂದು ಕೇಳಿದರು. ರಾಮಾಯಣದ ಸಾರಾಂಶ ಎಂದೆ. ಬೊಂಬೆಗಳನ್ನು ಶಾಲೆಯಲ್ಲೇ ಇಟ್ಟುಕೊಳ್ಳಿ ಎಂದು ಬೇಡಿದೆ. ನಮ್ಮ ಮನೆಯ ಕಥೆ ಅವರ ಕಿವಿಗೂ ಬಿದ್ದಿತ್ತು. "ಜಗಳಕ್ಕೆ ನಮ್ಮಲ್ಲಿ ಈಗಿರುವ ಮೇಷ್ಟ್ರುಗಳೇ ಸಾಕು" ಎಂದರು. ರಾಮ, ರಾವಣ ಮತ್ತೆ ಮನೆಗೆ ಬಂದರು.

ಅಷ್ಟರಲ್ಲಿ ಇನ್ನೊಂದು ಅನಾಹುತವಾಗಿತ್ತು. ಮಾತಿಗೆ ಮಾತು ಬೆಳೆದು "ನನ್ನ ಮಗ ನಂದೇ ಸರಿ ಅಂದವ್ನೆ" ಎಂದು ಅಮ್ಮ, "ನಂಗೂ ಅಂಗೇ ಅಂದವ್ರೆ" ಎಂದು ಹೆಂಡತಿ, ಇಬ್ಬರೂ ತಮ್ಮ ತಮ್ಮ ಸಾಕ್ಷಿಯನ್ನು ಹೊರಗೆ ತೆಗೆದಿದ್ದರು. ಸಾಕ್ಷಿ ಎರಡೂ ಕಡೆ ನಾನೇ ಆಗಿದ್ದೆ. ಅಂದಿನಿಂದ ನನ್ನ ಜೊತೆಗೂ ಮಾತಿಲ್ಲ. ಮುನಿರತ್ನ ಒಂದು ಬೆಳಿಗ್ಗೆ ರಾವಣನನ್ನು ಟ್ರಂಕಿನಿಂದ ತೆಗೆದು ನನ್ನ ಚಾಪೆಯ ಮೇಲೆ ಮಲಗಿಸಿ, ಬಟ್ಟೆಬರೆ ಗಂಟು ಕಟ್ಟತೊಡಗಿದಳು.

"ಕಾಮಸಮುದ್ರಕ್ಕೆ ಓಗ್ತೀನಿ. ಈ ಮನೇಗೆ ನಾನು ಬೇಕು ಅಂತ ಯಾರಿಗಾನಾ ಅನ್ನಿಸಿದ್ರೆ ಏಳಿಕಳ್ಸಿ."

"ಓಗೋಳ್ನ ತಡೀಬ್ಯಾಡ ಕಣ್ಲಾ" ಎಂದಳು ಅಮ್ಮ ಒಳಗಿನಿಂದ.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಲ್ಲಿಯವರೆಗೆ ಅವಳು ಬಯ್ದಿದ್ದುಂಟು, ಅತ್ತಿದ್ದುಂಟು, ಗಂಟು ಕಟ್ಟಿದ್ದಿಲ್ಲ. ಅವಳು ಕರೆಯದೆ ಬರುವವಳಲ್ಲ, ಅಮ್ಮ ಕರೆಯುವವಳಲ್ಲ. ಅವಳಿಲ್ಲದ ಮನೆಗೆ ಸಂಜೆಯ ಗಾಡಿಯಲ್ಲಿ ಬಂದು ಇಳಿಯುವುದು ನನಗೆ ಬೇಡವಾಗಿತ್ತು. ಇದನ್ನು ಹೆಂಡತಿಗೆ ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಕಡೆ ಇರಲಿಲ್ಲ. "ಗಾಡಿಗೆ ಇನ್ನೂ ಹೊತ್ತಿದೆ" ಎಂದೆ. ಅವಳು ಗಂಟನ್ನು ಇನ್ನಷ್ಟು ಬಿಗಿದಳು.

ಆ ಹೊತ್ತಿಗೆ ಬಾಗಿಲಲ್ಲಿ ಸಿದ್ದಪ್ಪನೂ ಗಂಗಮ್ಮನೂ ಬಂದು ನಿಂತರು. ಮಳೆ ಹಿಂದೆಗೆದಿತ್ತು, ಬೊಂಬೆ ಕೇಳಲು ಬಂದಿದ್ದರು. ನಾನು ಎರಡನ್ನೂ ತಂದು ಪಡಸಾಲೆಯಲ್ಲಿ ಹಾಸಿದೆ. ಸಿದ್ದಪ್ಪ ರಾವಣನ ಹಣೆಗಳ ವಿಭೂತಿಯನ್ನು ನೋಡಿ ಪಂಚೆಯ ತುದಿಯಿಂದ ಒರೆಸತೊಡಗಿದ. ಗಂಗಮ್ಮ ಮಾತ್ರ ಹೊಸಿಲ ಮೇಲಿನ ಗಂಟನ್ನು ನೋಡಿದಳು, ಹೆಂಡತಿಯ ಕೆಂಪು ಕಣ್ಣು ನೋಡಿದಳು, ಒಳಗೆ ಗೋಡೆಯ ಕಡೆ ತಿರುಗಿ ಕೂತಿದ್ದ ಅಮ್ಮನನ್ನು ನೋಡಿದಳು.

"ನಾನು ಅವತ್ತೇ ಏಳ್ದೆ ಸಾಮಿ. ಕ್ಯಾತನ್ನ ನಡುವೆ ಮಡಗಬೇಕು."

"ನಡುವೆ ಯಾಕಮ್ಮ?" ಎಂದೆ.

"ನಮ್ಮ ಪೆಟ್ಟಿಗೇಲಿ ಮೂವರೂ ಒಂದೇ ಕಡೆ ಇರ್ತಾರೆ. ಕೆಳಗೆ ರಾವಣ, ಮ್ಯಾಲೆ ರಾಮದೇವ್ರು, ನಡುವೆ ಇವನು. ಅವರೂ ಇವನ್ನ ಬಯ್ತಾರೆ, ಇವರೂ ಇವನ್ನೇ ಬಯ್ತಾರೆ. ಇಬ್ರಿಗೂ ಬಯ್ಯಕ್ಕೆ ಒಬ್ಬ ಸಿಕ್ಕಿದ್ಮ್ಯಾಲೆ ಅವರವರಲ್ಲಿ ಜಗಳ ಯಾಕಾಯ್ತದೆ?" ಎಂದು ಅವಳು ಕ್ಯಾತನನ್ನು ಹೊರಗೆ ತೆಗೆದು, ಡೊಳ್ಳು ಹೊಟ್ಟೆ ಮೇಲೆ ಮಾಡಿ, ಅಮ್ಮನಿಗೂ ಮುನಿರತ್ನಳಿಗೂ ಕಾಣುವಂತೆ ಹಿಡಿದಳು. "ಬೇಕಾರೆ ನಾಕು ದಿನ ಮಡಿಕ್ಕಳ್ಳಿ ತಾಯಿ. ಆಮ್ಯಾಕೆ ಬಂದು ತಗೊಂಡೋಗ್ತೀವಿ."

ಅಮ್ಮ ಗೋಡೆಯಿಂದ ತಿರುಗಿದಳು. ಕ್ಯಾತನನ್ನು ಸಾವಕಾಶವಾಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹೆಂಡತಿಯೂ ಕ್ಯಾತನನ್ನು ನೋಡಿ ನನ್ನನ್ನು ನೋಡಿದಳು. ಅವರಿಬ್ಬರೂ ಒಂದೇ ಹೊತ್ತಿಗೆ ಒಂದೇ ಕಡೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಬ್ಯಾಡ ಬುಡಮ್ಮ" ಎಂದಳು ಅಮ್ಮ. "ನಮ್ಮನೇಲಿ ಐತೆ."

ಮುನಿರತ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಗು ಸೆರಗಿನ ಸುತ್ತಲಿಂದ ಬಂತು. "ಐತೆ ಅತ್ತೆ, ಜಗಲೀಲಿ ಕೂತಿರ್ತದೆ" ಎಂದಳು. ಅಮ್ಮನೂ ನಕ್ಕಳು. ಸಿದ್ದಪ್ಪ ಮರ್ಯಾದಸ್ಥ, ಬೇರೆ ಕಡೆ ನೋಡಿಕೊಂಡು ನಕ್ಕ. ಕಾಮಸಮುದ್ರದ ಗಾಡಿ ಕೂಗಿಕೊಂಡು ಹೋಯಿತು, ಗಂಟು ಹೊಸಿಲ ಮೇಲೆಯೇ ಇತ್ತು. ಸಂಜೆಗೆ ಅದನ್ನು ಬಿಚ್ಚಿ ಸೀರೆಗಳನ್ನು ಟ್ರಂಕಿಗೆ ಜೋಡಿಸಿದವಳು ಅಮ್ಮ.

ಸುತ್ತೋಲೆಗೆ ನಾನು ಬರೆದು ಕಳಿಸಿದ ವರದಿಯಲ್ಲಿ ತೊಗಲು ಹದ ಮಾಡುವ ಕ್ರಮವಿದೆ, ಬಣ್ಣ ಅರೆಯುವ ಕ್ರಮವಿದೆ, ಬೊಂಬೆಗಳನ್ನು ಪೆಟ್ಟಿಗೆಯಲ್ಲಿಡುವ ರೂಢಿಯೂ ಇದೆ. ಆ ರೂಢಿ ಫಲಕಾರಿ ಎಂದು ಷರಾ ಬರೆದೆ. ಹೇಗೆ ತಿಳಿಯಿತು ಎಂದು ಮೇಲಿನವರು ಕೇಳಲಿಲ್ಲ. ಈಗ ಊಟಕ್ಕೆ ನನ್ನನ್ನು ಜಗಲಿಯಿಂದ ಒಳಗೆ ಕರೆದು ಇಬ್ಬರ ನಡುವೆ ಕೂರಿಸುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಅಮ್ಮ ಮುನಿರತ್ನಳನ್ನು ನೋಡುವುದಿಲ್ಲ, ಮುನಿರತ್ನ ಅಮ್ಮನನ್ನು ನೋಡುವುದಿಲ್ಲ. ಸಂತೆಯಿಂದ ಉಪ್ಪು ತಂದವನದೇ ತಪ್ಪು.