ಟವೆಲ್ಲಿನ ಕೆಳಗೆ ಬುಕ್ಕಾದ ಕಾರು

ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗೆ ಅದು ನನ್ನ ಗಂಟಲಲ್ಲಿ ಬಂದು ಬಿಡಾರ ಹೂಡಿರುತ್ತದೆ. ಇದನ್ನು ಕಲೆ ಎನ್ನುವಷ್ಟು ಧೈರ್ಯ ನನಗಿಲ್ಲ. ನೆಗಡಿಯ ಹಾಗೆ ಒಂದು ಅಂಟುರೋಗ ಎನ್ನಬಹುದು. ರಾಯಚೂರು ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವವ, ಮಾನ್ವಿಯ ಕಿರಾಣಿ ಅಂಗಡಿಯ ಶೆಟ್ಟರು, ಬಾಯಿ ತೆರೆಯದೆ ಮೂಗಿನಲ್ಲೇ ಪಾಠ ಮುಗಿಸುತ್ತಿದ್ದ ನಮ್ಮ ಗಣಿತದ ಮಾಸ್ತರರು, ಎಲ್ಲರೂ ಬಾಡಿಗೆ ಕೊಡದೆ ನನ್ನೊಳಗೆ ಇದ್ದಾರೆ. ಅಪರೂಪಕ್ಕೆ ನಾನು ನನ್ನದೇ ದನಿಯಲ್ಲಿ ಮಾತಾಡಿದರೆ ನಮ್ಮವ್ವ "ಯಾಕಲೇ, ಮೈಯಾಗ ಹುಷಾರಿಲ್ಲೇನು" ಎಂದು ಹಣೆ ಮುಟ್ಟಿ ನೋಡುತ್ತಾಳೆ. ಇಂಥ ನನಗೂ ಒಬ್ಬರ ದನಿ ಮಾತ್ರ ಬಹಳ ದಿನ ಒಲಿದಿರಲಿಲ್ಲ. ಅವರು ರಾಯಚೂರಿನ ಕಾರಿನ ಶೋರೂಮಿನ ಮ್ಯಾನೇಜರ್ ಸಾಹೇಬರು. ಕಾರಣ ಸರಳ. ನಕಲು ಮಾಡಬೇಕಾದರೆ ಎದುರಿನವರು ಏನು ಹೇಳಿದರೆಂದು ಸ್ವಲ್ಪವಾದರೂ ತಿಳಿದಿರಬೇಕು. ಅವರು ಹೇಳಿದ್ದು ನನಗೆ ತಿಳಿಯಲಿಲ್ಲ, ನಮ್ಮ ಮಾಮಾಗೆ ತಿಳಿಯಲಿಲ್ಲ, ಅವರಿಗೇ ತಿಳಿದಿತ್ತೋ ಇಲ್ಲವೋ ಎಂಬುದು ಇವತ್ತಿಗೂ ನನ್ನ ಗುಮಾನಿ.

ಮಾಮಾ ಎಂದರೆ ನನ್ನ ಸೋದರಮಾವ ಸಂಗಪ್ಪ. ಮಾನ್ವಿಯಲ್ಲಿ ಅವರದೊಂದು ರೈಸ್ ಮಿಲ್ಲು ಇದೆ. ನಾನು ಅಲ್ಲಿ ಚೀಲಗಳ ತೂಕ ನೋಡಿಕೊಳ್ಳುತ್ತೇನೆ, ಎಂದರೆ ಚೀಲಗಳ ಮೇಲೆ ಕೂತು ಹಮಾಲರಿಗೆ ಊರಿನವರ ನಕಲು ಮಾಡಿ ತೋರಿಸುತ್ತೇನೆ. ಮಾಮಾನಿಗೆ ಅಕ್ಕಿ ಹೊಟ್ಟೆಪಾಡು, ಎತ್ತು ಪ್ರಾಣ. ದೇವದುರ್ಗದ ದನದ ಸಂತೆಯಲ್ಲಿ ಅವರು ಎತ್ತಿನ ಹಲ್ಲು ನೋಡಿ, ಬೆನ್ನು ಸವರಿ, ಮೈಮೇಲಿನ ಕೂದಲ ಸುಳಿ ಹುಡುಕಿ, ನಾಲ್ಕು ಹೆಜ್ಜೆ ನಡೆಸಿ "ಇದು ಎರಡನೇ ಮಳಿಗಿ ಕುಂಟತದ" ಎಂದರೆ ಅದು ಕುಂಟಲೇಬೇಕು, ಬೇರೆ ದಾರಿಯಿಲ್ಲ. ಅದೇ ಸಂತೆಯಲ್ಲಿ ಅವರಿಗೆ ಪರಿಚಯವಾದವರು ದೇವದುರ್ಗದ ವಿರೂಪಣ್ಣ. ಅವರೂ ಎತ್ತಿನ ಹುಚ್ಚಿನವರೇ. ಅವರಿಗೊಬ್ಬ ಮಗಳು, ಗಿರಿಜಾ. ಮಾಮಾನಿಗೊಬ್ಬ ಸೋದರಳಿಯ, ನಾನು. ಮಿಕ್ಕಿದ್ದನ್ನು ಇಬ್ಬರೂ ಒಂದು ಬೇವಿನ ಮರದ ಕೆಳಗೆ ಎತ್ತುಗಳ ನಡುವೆ ನಿಂತು ಮಾತಾಡಿಕೊಂಡರಂತೆ. ಫೋಟೋ ಬಂತು. ಹುಡುಗಿ ಸ್ಟುಡಿಯೋದ ಹೂಕುಂಡದ ಪಕ್ಕ ನಿಂತಿದ್ದಳು. ನಗಬಾರದೆಂದು ಯಾರೋ ಹೇಳಿದ್ದರಿಂದ ನಗು ತಡೆದುಕೊಂಡಂತಿದ್ದ ಆ ಮುಖ ನೋಡಿ ನಾನು ಎರಡು ದಿನ ಯಾರ ನಕಲನ್ನೂ ಮಾಡಲಿಲ್ಲ. ಹಮಾಲರು ಗಾಬರಿಯಾದರು.

ಆದರೆ ಹೆಣ್ಣು ನೋಡಲು ಹೋಗುವುದಕ್ಕೆ ಒಂದು ಅಡ್ಡಿ ಬಂತು. ಆಗತಾನೆ ದೇಶದಲ್ಲೆಲ್ಲ ಒಂದು ಹೊಸ ಪುಟ್ಟ ಕಾರಿನ ಸುದ್ದಿ ಹಬ್ಬಿತ್ತು. ಅದುವರೆಗೆ ನಾವು ಕಂಡಿದ್ದ ಕಾರುಗಳೆಲ್ಲ ಬಸುರಿ ಎಮ್ಮೆಯ ಹಾಗೆ ದುಂಡಗೆ, ನಿಧಾನಕ್ಕೆ ಹೋಗುವಂಥವು. ಇದು ಕರುವಿನ ಹಾಗೆ ಜಿಗಿಯುತ್ತದಂತೆ, ಲೀಟರು ಪೆಟ್ರೋಲು ಮೂಸಿದರೆ ಸಾಕು ರಾಯಚೂರು ಮುಟ್ಟುತ್ತದಂತೆ. ಮಾಮಾ ಸಂತೆಯಲ್ಲಿ, ವಿರೂಪಣ್ಣನ ಎದುರಿಗೇ, "ಹೊಸಾ ಗಾಡಿಯಾಗ ಬಂದು ಹೆಣ್ಣು ನೋಡ್ತೀವಿ" ಎಂದುಬಿಟ್ಟರು. ನಾನು "ಮಾಮಾ, ಮಾನ್ವಿಲಿಂದ ದೇವದುರ್ಗಕ್ಕ ಬಸ್ಸದಾವಲ್ಲ" ಎಂದೆ. "ಲೇ ಬಸ್ಯಾ, ಕೆಂಪು ಬಸ್ಸಿನ್ಯಾಗ ಧೂಳಾ ಬಡಕೊಂಡು ಹೋಗಿ ಇಳದ್ರ ಅವರು ನಮ್ಮನ್ನ ಬೀಗರು ಅಂತಾರೋ, ಹಿಟ್ಟಿನ ಗಿರಣಿಯವರು ಅಂತಾರೋ" ಎಂದರು. ಹೀಗೆ ನನ್ನ ಮದುವೆ, ಇನ್ನೂ ಯಾರೂ ಕಣ್ಣಲ್ಲಿ ಕಾಣದ ಒಂದು ಕಾರಿನ ಹಿಂದೆ ಹಗ್ಗ ಕಟ್ಟಿಕೊಂಡು ನಿಂತಿತು.

ಮಾಮಾ, ನಾನು, ಮಿಲ್ಲಿನ ಲಾರಿ ಓಡಿಸುವ ಖಾಜಾಸಾಬ, ಮೂವರೂ ರಾಯಚೂರಿಗೆ ಹೋದೆವು. ಕೈಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಒಂದು ಹೂವಿನ ಹಾರ. ಸಂತೆಯಲ್ಲಿ ಮುಂಗಡದ ಸಂಚಕಾರ ಕೊಟ್ಟರೆ ಎತ್ತು ಅವತ್ತೇ ಹಿಂದೆ ಬರುತ್ತದೆ. ಕಾರೂ ಹಾಗೆಯೇ ಎಂದು ಖಾಜಾಸಾಬ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಶೋರೂಮು ಎಂದರೆ ಸ್ಟೇಷನ್ನಿನ ಕಡೆಯ ಒಂದು ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ, ಟೈ ಕಟ್ಟಿಕೊಂಡ ಮ್ಯಾನೇಜರು, ಗೋಡೆಯ ಮೇಲೆ ಕಾರಿನ ಬಣ್ಣದ ಚಿತ್ರ. ಕಾರು ಮಾತ್ರ ಇರಲಿಲ್ಲ. ಖಾಜಾಸಾಬ ಮೇಜಿನ ಹಿಂದೆ ಬಗ್ಗಿ ನೋಡಿದ. "ಗಾಡಿ ಎಲ್ಲೈತ್ರಿ" ಎಂದು ಮಾಮಾ ಕೇಳಿದರು.

ಮ್ಯಾನೇಜರ್ ಸಾಹೇಬರು ಮೈಸೂರಿನ ಕಡೆಯವರು. ಅವರ ಕನ್ನಡ ಇಸ್ತ್ರಿ ಮಾಡಿದ ಹಾಗಿತ್ತು. "ತಾವು ಆಸೀನರಾಗಬೇಕು. ವಾಹನದ ಹಂಚಿಕೆಯು ಸರದಿಗನುಗುಣವಾಗಿ, ಲಭ್ಯತೆಯನ್ನು ಅವಲಂಬಿಸಿ, ಮೇಲಿನ ಕಚೇರಿಯ ಸೂಚನೆ ಬಂದ ನಂತರ..." ಎಂದು ಹೇಳಿ, ಫ್ಯಾನಿನ ಕಡೆ ನೋಡಿದರು. ನಾವು ವಾಕ್ಯ ಮುಗಿಯಲಿ ಎಂದು ಕಾದೆವು. ಅದು ಮುಗಿಯಲಿಲ್ಲ. ಅವರ ಯಾವ ವಾಕ್ಯವೂ ಮುಗಿಯುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಪ್ರಯಾಣಿಕರನ್ನು ಇಳಿಸಿ ಬಸ್ಸು ಡಿಪೋಗೆ ಹೋದಂತೆ ಆಗುತ್ತಿತ್ತು.

ಮಾಮಾ ನನ್ನ ಕಡೆ ತಿರುಗಿ "ಏನಂತಾನಲೇ" ಎಂದರು. ದುಭಾಷಿಯ ಕೆಲಸಕ್ಕೇ ನನ್ನನ್ನು ಕರೆತಂದದ್ದು. "ಕುಂದರ್ರಿ ಅಂತಾರ" ಎಂದೆ. ಅಷ್ಟು ಮಾತ್ರ ನನಗೆ ಖಾತ್ರಿಯಿತ್ತು. ಮಾಮಾ ಎದ್ದು ಚಿತ್ರದ ಹತ್ತಿರ ಹೋಗಿ, ಕಾರಿನ ಮುಂದಿನ ಭಾಗವನ್ನು ಬೆರಳಿನಿಂದ ಸವರಿ, "ಸುಳಿ ಹೆಂಗವ, ಕೇಳು" ಎಂದರು. ನಾನು ಅದನ್ನು ಆದಷ್ಟು ಗೌರವದಿಂದ "ಲಕ್ಷಣ ಹ್ಯಾಗದರೀ" ಎಂದು ಬದಲಿಸಿ ಕೇಳಿದೆ. "ಮುಂದಿನ ಚಕ್ರಗಳ ಚಾಲನೆ" ಎಂದರು ಸಾಹೇಬರು. ಅದನ್ನು ನಾನು "ಮುಂದಿನ ಕಾಲಾಗ ಜೋರದ ಅಂತ" ಎಂದು ತಿಳಿಸಿದೆ. ಮಾಮಾನ ಮುಖ ಅರಳಿತು. "ಹಂಗಾದ್ರ ಏರಿನ್ಯಾಗ ಹಿಂದ ಬೀಳಂಗಿಲ್ಲ" ಎಂದರು. ಯಾವ ಬಣ್ಣವೆಂದು ಕೇಳಿದಾಗ ಬಿಳಿ ಎಂದೆವು, "ಆಯ್ಕೆ ತಮ್ಮದು, ಆದರೆ ಆಯ್ಕೆಯು..." ಎಂದು ಮತ್ತೆ ಫ್ಯಾನು ನೋಡಿದರು. ಕೊನೆಗೆ ಬುಕ್ಕಿಂಗ್ ಆಯಿತು. ಇನ್ನು ಗಾಡಿ ಯಾವಾಗ ಎಂಬುದೊಂದೇ ಉಳಿದಿತ್ತು. ಬಾಯಿಮಾತಿನಲ್ಲಿ ಈ ಮನುಷ್ಯ ದಕ್ಕುವುದಿಲ್ಲ ಎಂದು ಕಂಡ ಮಾಮಾ, ತಮಗೆ ಚೆನ್ನಾಗಿ ಬರುವ ಭಾಷೆಗೆ ಇಳಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಸಾಹೇಬರ ಕೈ ಹಿಡಿದು ಅದರ ಮೇಲೆ ಹೊದಿಸಿದರು.

ನಮ್ಮ ಸಂತೆಯಲ್ಲಿ ದರವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಸುತ್ತ ಹತ್ತು ಜನ ಕಿವಿ ಬಿಟ್ಟುಕೊಂಡು ನಿಂತಿರುತ್ತಾರೆ. ಅದಕ್ಕೇ ಕೈಮೇಲೆ ಬಟ್ಟೆ ಹೊದಿಸಿ, ಒಳಗೆ ಎದುರಿನವನ ಬೆರಳು ಹಿಡಿದು ಒತ್ತುವುದು. ಎಷ್ಟು ಬೆರಳು ಹಿಡಿದರೆ ಅಷ್ಟು ಲೆಕ್ಕ. ಅವನು ತಿರುಗಿ ಒತ್ತಿದರೆ ಒಪ್ಪಿದ ಹಾಗೆ. ಆಮೇಲೆ ಭೂಮಿ ತಲೆಕೆಳಗಾದರೂ ಮಾತು ತಪ್ಪುವಂತಿಲ್ಲ. ಮಾಮಾ ಎರಡು ಬೆರಳು ಹಿಡಿದು ಒತ್ತಿದರು. ಎರಡು ತಿಂಗಳಿಗೆ ಗಾಡಿ ಕೊಡ್ತೀಯಾ ಎಂದು. ಸಾಹೇಬರ ಕಣ್ಣು ಅಗಲವಾದವು, ಹಣೆಯಲ್ಲಿ ಬೆವರು ಬಂತು, ಆದರೂ ಸೌಜನ್ಯ ಬಿಡದೆ ಅವರು ಮೆಲ್ಲಗೆ ತಿರುಗಿ ಒತ್ತಿದರು. ಮಾಮಾ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದರು. "ನಡೀರಿ, ಕೆಲಸಾತು." ಹಾರವನ್ನು ಗೋಡೆಯ ಮೇಲಿನ ಚಿತ್ರಕ್ಕೆ ಹಾಕಿ ಬಂದೆವು.

ದೇವದುರ್ಗಕ್ಕೆ ಸುದ್ದಿ ಹೋಯಿತು. ಎರಡು ತಿಂಗಳಿಗೆ ಬರುತ್ತೇವೆ. ಎರಡು ತಿಂಗಳಾಯಿತು. ಕಾರಿಲ್ಲ. ಮಾಮಾ ಮತ್ತೆ ನನ್ನನ್ನು ಕರೆದುಕೊಂಡು ರಾಯಚೂರಿಗೆ ಹೋಗಿ ಸಾಹೇಬರ ಮುಂದೆ ಕೂತು, "ಕೈ ಒತ್ತಿ ಹಿಂಗ ಮಾಡ್ತಾರೇನ್ರೀ, ದೊಡ್ಡ ಮನಷ್ಯಾರು" ಎಂದರು. ಸಾಹೇಬರು ಬಾಗಿಲ ಕಡೆ, ಕಿಟಕಿಯ ಕಡೆ ನೋಡಿ, ದನಿ ತಗ್ಗಿಸಿ "ಯಾರ ಕೈ?" ಎಂದು ನನ್ನನ್ನು ಕೇಳಿದರು. ನಾನು ಸಂತೆ, ಟವೆಲ್ಲು, ಬೆರಳು ಎಲ್ಲವನ್ನೂ ವಿವರಿಸಿದೆ. ಅವರು ಮೊದಲ ಬಾರಿಗೆ ಒಂದು ವಾಕ್ಯವನ್ನು ಪೂರ್ತಿ ಮಾಡಿದರು. "ನಾನು ಅವರನ್ನು ನಾಡಿ ನೋಡುವ ಪಂಡಿತರು ಎಂದುಕೊಂಡಿದ್ದೆ." ಇಲ್ಲಿಗೆ ವರ್ಗವಾಗಿ ಬಂದಾಗಿನಿಂದ ಖಾರ ಊಟ ಮಾಡಿ ಅವರಿಗೆ ಹೊಟ್ಟೆಯುರಿಯಂತೆ. ನಾಡಿ ಹಿಡಿದವರು ಏನೂ ಹೇಳದೆ ಬಟ್ಟೆ ಝಾಡಿಸಿ ಎದ್ದು ಹೋದರಲ್ಲ ಎಂದು ಎರಡು ತಿಂಗಳಿಂದ ನಿದ್ದೆಯಿಲ್ಲವಂತೆ. ಮಾಮಾ ಕರಗಿಹೋದರು. "ಮಜ್ಜಿಗಿ ಕುಡೀರಿ, ಮೆಣಸಿನಕಾಯಿ ಬಿಡ್ರಿ" ಎಂದು ಹೇಳಿ, ಸಾಹೇಬರಿಗೆ ಸಮಾಧಾನವಾಗುವವರೆಗೆ ಕೂತಿದ್ದು, ಬಸ್ಸು ಹತ್ತಿದರು. ಗಿಲ್ಲೆಸುಗೂರಿನ ಬಸ್ಸು. ನಾವು ಹೋಗಬೇಕಾದದ್ದು ಮಾನ್ವಿಗೆ. ಅಷ್ಟು ಗೊಂದಲವಾಗಿತ್ತು. ಕಾರಿನ ಮಾತೇ ಬಿಟ್ಟುಹೋಯಿತೆಂದು ಕಂಡಕ್ಟರು ನಮ್ಮನ್ನು ಇಳಿಸಿದ ಮೇಲೆ ನೆನಪಾಯಿತು.

ಅಷ್ಟರಲ್ಲಿ ವಿರೂಪಣ್ಣನವರಿಂದ ಹೇಳಿಕೆ ಬಂತು. "ನೀವು ಕಾರು ತೋರಸಾಕ ಬರಾಕತ್ತೀರೋ, ಹೆಣ್ಣು ನೋಡಾಕ ಬರಾಕತ್ತೀರೋ? ಯಾಪಲದಿನ್ನಿ ಕಡೆಯವರು ಒಬ್ಬರು ಬಂದು ಕೇಳಿ ಹೋಗ್ಯಾರ. ಅವರು ಬಸ್ಸಿಗೇ ಬಂದಿದ್ರು." ಮಾಮಾ ಜಗ್ಗಲಿಲ್ಲ. "ಮಾತು ಕೊಟ್ಟಾಗೇದ, ಗಾಡಿಯಾಗ ಹೋಗೂದು" ಎಂದರು. ನಾನು ಫೋಟೋ ನೋಡಿದೆ. ಹೂಕುಂಡದ ಪಕ್ಕದಲ್ಲಿ ಯಾಪಲದಿನ್ನಿಯ ಯಾವನೋ ಬಂದು ನಿಂತಂತೆ ಕಾಣತೊಡಗಿತು.

ಇನ್ನು ನನ್ನ ಕಸುಬೇ ನನ್ನನ್ನು ಕಾಪಾಡಬೇಕು ಎಂದುಕೊಂಡು ಪೇಟೆಯ ಒಂದು ಅರಳೆ ಅಂಗಡಿಯ ಫೋನಿನಿಂದ ಮಿಲ್ಲಿಗೆ ಫೋನು ಮಾಡಿದೆ. ದನಿ ಬಿಗಿಮಾಡಿ, ಮೈಸೂರಿನ ಕಡೆ ಮುಖ ಮಾಡಿ, "ಸಂಗಪ್ಪನವರೇ, ಶೋರೂಮಿನ ಮ್ಯಾನೇಜರ್ ಮಾತನಾಡುತ್ತಿದ್ದೇನೆ. ಕಾರು ಈ ವರ್ಷ ಬರುವುದಿಲ್ಲ. ತಾವು ಬಸ್ಸಿನಲ್ಲಿಯೇ ಹೋಗಿ ಕೆಲಸ ಮುಗಿಸಿಕೊಳ್ಳಿ" ಎಂದೆ.  ಆ ಕಡೆಯಿಂದ ಮಾಮಾ "ಲೇ ಬಸ್ಯಾ, ಫೋನಿಟ್ಟು ಬಾ ಇಲ್ಲಿ" ಎಂದರು.

ಹೋದೆ. "ಹ್ಯಾಂಗ ಗೊತ್ತಾತು ಮಾಮಾ" ಎಂದು ಕೇಳಿದೆ. ಬೈಗುಳಕ್ಕಿಂತ ನನಗೆ ಅದರದೇ ಚಿಂತೆ. ಮಾಮಾ ನಕ್ಕರು. "ನೀನು ಕಾರು ಬರೂದಿಲ್ಲ ಅಂದಿ. ನನಗ ತಿಳೀತು. ಆ ಮನಷ್ಯಾ ತಿಳಿಯೂವಂಗ ಯಾವತ್ತರ ಮಾತಾಡ್ಯಾನೇನಲೇ? ತಿಳಿದಕೂಡ್ಲೆ, ಇದು ನಮ್ಮ ಹುಡುಗನ ಕೆಲಸ ಅಂತ ಗೊತ್ತಾತು." ಆಮೇಲೆ ನನ್ನ ಮುಖವನ್ನು, ಎತ್ತಿನ ಮುಖ ನೋಡುವಂತೆ ಗದ್ದ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. "ಇಷ್ಟು ಅವಸರ ಅದ ಅಂತ ಮೊದಲೇ ಹೇಳಬಾರದೇನು? ನಾಳಿಗಿ ಬಸ್ಸಿಗೇ ಹೋಗೋಣು ನಡಿ. ನನ್ನ ಮಾತು ಹೋದ್ರ ಹೋಗ್ಲಿ."

ದೇವದುರ್ಗದಲ್ಲಿ ಬಸ್ಸಿಳಿದಾಗ ನನ್ನ ಬಿಳಿ ಅಂಗಿ ಹಿಟ್ಟಿನ ಗಿರಣಿಯವರದೇ ಆಗಿತ್ತು. ವಿರೂಪಣ್ಣ ಬಾಗಿಲಲ್ಲೇ ನಿಂತು ನಮ್ಮ ಹಿಂದೆ, ರಸ್ತೆಯ ತುದಿಯವರೆಗೆ ನೋಡಿದರು. "ಬರ್ರಿ ಬರ್ರಿ. ಗಾಡಿ?" ಎಂದರು. "ಬುಕ್ ಆಗೇದ" ಎಂದು ಮಾಮಾ ಬೇರೆ ಕಡೆ ನೋಡಿದರು. ವಿರೂಪಣ್ಣ ಒಳಗೆ ಕರೆದು ಕೂಡಿಸಿದರು. ನನ್ನನ್ನು ಮಾತ್ರ ಕೂಡಲು ಬಿಡಲಿಲ್ಲ. "ತಮ್ಮಾ, ಆ ಮೂಲ್ಯಾಗಿನ ತಂಬಿಗಿ ತಂದು ಕೊಡು" ಎಂದರು. ತಂದುಕೊಟ್ಟೆ. "ಅಲ್ಲೇ ಇಟ್ಟು ಬಾ" ಎಂದರು. ಇಟ್ಟು ಬಂದೆ. ನನ್ನ ನಡಿಗೆ ನೋಡುತ್ತಿದ್ದಾರೆಂದು ಆಗ ಹೊಳೆಯಿತು. ಆಮೇಲೆ ಒಂದು ನಗೆಯ ಮಾತು ಹೇಳಿದರು. ನಾನು ನಕ್ಕಾಗ ಅವರು ನನ್ನ ಹಲ್ಲು ನೋಡಿದರು. ಮಾಮಾ ಆ ಕಡೆಯಿಂದ ಮೆಲ್ಲಗೆ ತಲೆಯಾಡಿಸುತ್ತಿದ್ದರು, ಮಾರುವವರ ಹಾಗೆ.

ಗಿರಿಜಾ ಮಂಡಕ್ಕಿ ಒಗ್ಗರಣೆಯ ಸುಸಲಾ ತಟ್ಟೆ ತಂದಿಟ್ಟಳು. ಹೂಕುಂಡ ಇರಲಿಲ್ಲ, ಯಾಪಲದಿನ್ನಿಯವನೂ ಇರಲಿಲ್ಲ. "ಏನರ ಕೇಳೂದಿದ್ರ ಕೇಳವ್ವಾ" ಎಂದರು ವಿರೂಪಣ್ಣ. ಅವಳು ತಲೆಯೆತ್ತದೆ, "ಎಲ್ಲಾರ ನಕಲು ಮಾಡ್ತಾರಂತ. ಒಂದು ಮಾಡ್ಲಿ" ಎಂದಳು.

ನನ್ನೊಳಗಿನ ಬಾಡಿಗೆದಾರರೆಲ್ಲ ಒಂದೇ ಸಲಕ್ಕೆ ಮನೆ ಖಾಲಿ ಮಾಡಿದರು. ಶೆಟ್ಟರಿಲ್ಲ, ಮಾಸ್ತರರಿಲ್ಲ.  ನನ್ನ ಬಗ್ಗೆ ನಾನೇ ಏನಾದರೂ ಹೇಳೋಣವೆಂದು, "ನಾನು... ತಮ್ಮ ಒಪ್ಪಿಗೆಯನ್ನು ಅವಲಂಬಿಸಿ... ಹಿರಿಯರ ಸೂಚನೆ ಬಂದ ನಂತರ..." ಎಂದು ಶುರುಮಾಡಿ, ಮುಂದೇನು ಹೇಳಬೇಕೋ ತಿಳಿಯದೆ, ಮೇಲಿನ ಜಂತಿಯನ್ನು ನೋಡುತ್ತ ನಿಂತೆ. ಮಾಮಾ ತೊಡೆ ತಟ್ಟಿದರು. "ಬಂತು ನೋಡ್ರಿ. ಖರೇನ ಮ್ಯಾನೇಜರ್ ಇವನ." ಗಿರಿಜಾ ಫೋಟೋದಲ್ಲಿ ತಡೆದುಕೊಂಡಿದ್ದ ನಗುವನ್ನು ಅಲ್ಲಿ ಪೂರ್ತಿ ಬಿಟ್ಟಳು. ಆ ದನಿ ಒಲಿಯಬೇಕಾದರೆ ಅರ್ಥವಾಗಬೇಕಾಗಿರಲಿಲ್ಲ. ಏನೂ ಅರ್ಥವಾಗದೆ ನಿಂತಿರಬೇಕಾಗಿತ್ತು. ಪಾಪ, ಸಾಹೇಬರೂ ದಿನವಿಡೀ ಹಾಗೆಯೇ ನಿಂತಿರುತ್ತಿದ್ದರೇನೋ.

ಅವಳು ಒಳಗೆ ಹೋದ ಮೇಲೆ ವಿರೂಪಣ್ಣ ಮಾಮಾನ ಕಡೆ ಸರಿದು ಕೈ ಚಾಚಿದರು. ಮಾಮಾ ಹೆಗಲ ಮೇಲಿನ ಟವೆಲ್ಲು ತೆಗೆದು ಹೊದಿಸಿದರು. ಒಳಗೆ ಏನೋ ಒತ್ತಾಟವಾಯಿತು. ಇಬ್ಬರೂ ನನ್ನ ಕಡೆ ಒಮ್ಮೆ ನೋಡಿದರು. ಮತ್ತೆ ಒತ್ತಾಟ. ಟವೆಲ್ಲು ಝಾಡಿಸಿದ ಧೂಳು ನನ್ನ ಮೇಲೆ ಬಿತ್ತು. ಮದುವೆ ಗೊತ್ತಾಯಿತು.

ಕಾರು, ಮದುವೆಯಾಗಿ ಬಹಳ ದಿನಗಳ ಮೇಲೆ ಬಂತು. ಬಿಳಿ ಕೇಳಿದ್ದೆವು, ಹಸಿರು ಬಂತು. ಮಾಮಾ ಅದರ ಸುತ್ತ ಒಂದು ಸುತ್ತು ಬಂದು, ಸುಳಿ ಸರಿಯಿದೆ ಎಂದು ಒಪ್ಪಿಕೊಂಡರು. ಅದರ ಗೊಂದಲ ಅಲ್ಲಿಗೆ ಮುಗಿಯಿತು. ನನ್ನದು ಮುಗಿದಿಲ್ಲ. ಅವತ್ತು ಟವೆಲ್ಲಿನ ಕೆಳಗೆ ನನ್ನನ್ನು ಎಷ್ಟು ಬೆರಳಿಗೆ ಕೊಟ್ಟರು, ಮೊದಲು ಬೇಡವೆಂದವರು ಯಾರು, ಆಮೇಲೆ ಏನು ಸೇರಿಸಿ ಸರಿಮಾಡಿದರು, ಒಂದೂ ತಿಳಿಯದು. ಮಾಮಾ ಬಾಯಿ ಬಿಡುವುದಿಲ್ಲ. ಗಿರಿಜಾಗೆ ಅವಳಪ್ಪ ಹೇಳಿದ್ದಾರೆ, ಅದು ಅವಳ ಮುಖದಲ್ಲೇ ಕಾಣುತ್ತದೆ. ಕೇಳಿದಾಗಲೆಲ್ಲ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಸೆರಗನ್ನು ಟೈ ಹಾಗೆ ಸರಿಮಾಡಿಕೊಂಡು, "ತಮ್ಮ ವಿಚಾರವು ಪರಿಶೀಲನೆಯಲ್ಲಿದ್ದು, ಮೇಲಿನ ಕಚೇರಿಯ ಸೂಚನೆ ಬಂದ ನಂತರ..." ಎಂದು ಹೇಳಿ ಜಂತಿಯ ಕಡೆ ನೋಡುತ್ತಾಳೆ. ಆ ದನಿ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ. ನಾನು ಬಾಯಿ ಮುಚ್ಚಿಕೊಂಡು, ವಾಕ್ಯ ಮುಗಿಯುವುದನ್ನು ಕಾಯುತ್ತ ಕೂತಿರುತ್ತೇನೆ.