ಕೈಗೆ ಆಪರೇಷನ್ ಆಗಿರಲಿಲ್ಲ

ಮಧುಗಿರಿಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಅನುಕೂಲವಿದೆ. ಊರಿನ ನೆತ್ತಿಯ ಮೇಲೇ ಅಷ್ಟು ದೊಡ್ಡ ಏಕಶಿಲೆಯ ಬೆಟ್ಟ ನಿಂತಿರುವುದರಿಂದ ಅದರ ಮುಂದೆ ಫೋಟೋ ತೆಗೆಸಿಕೊಂಡರೆ ಎಂಥವರೂ ಸಣ್ಣಗೆ ಕಾಣುತ್ತಾರೆ. ನನ್ನ ಒಳ್ಳೆಯ ಫೋಟೋಗಳಲ್ಲೆಲ್ಲ ಹಿಂದೆ ಬೆಟ್ಟವಿದೆ. ತುಮಕೂರಿನ ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ ಮಾತ್ರ ಹಿಂದೆ ಬರೀ ಗೋಡೆ ಇತ್ತು. ಮುಳ್ಳು ಓಡಿದ ವೇಗ ನೋಡಿ ಪಕ್ಕದಲ್ಲಿದ್ದ ನರ್ಸಮ್ಮ, "ಚಪ್ಪಲಿ ಬಿಟ್ಟು ನಿಂತ್ಕೊಳಿ" ಎಂದರು. ಬಿಟ್ಟೇ ನಿಂತಿದ್ದೆ.

ಮಂಡಿನೋವು, ಸಕ್ಕರೆ ಕಾಯಿಲೆ, ಮಲಗಿದಾಗ ಉಸಿರು ಸಿಕ್ಕಿಕೊಳ್ಳುವುದು, ಇವಿಷ್ಟಕ್ಕೂ ಸೇರಿ ಒಂದೇ ದಾರಿ ಉಳಿದಿದೆ, ಹೊಟ್ಟೆಯ ಆಪರೇಷನ್ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಹೋದ ವರ್ಷ ಶಾಲೆಯ ಮಕ್ಕಳನ್ನು ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋದಾಗ ನಾನು ಕೆಳಗೇ ಉಳಿದು ಚಪ್ಪಲಿ ಕಾದಿದ್ದೆ. ಮೇಲಿನ ಗವಿಯ ನೀರು ಎಷ್ಟು ತಣ್ಣಗಿತ್ತು ಎಂದು ಮಕ್ಕಳು ಇಳಿದು ಬಂದು ನನಗೆ ವರ್ಣಿಸುವಷ್ಟರಲ್ಲಿ ಅವರ ಪುಳಿಯೋಗರೆಯ ಪಾತ್ರೆಯೂ ಸಾಕಷ್ಟು ಇಳಿದಿತ್ತು. ಡಾಕ್ಟರು ಒಂದು ಕಾಗದದ ಮೇಲೆ ಜಠರದ ಚಿತ್ರ ಬರೆದು, ಅದರ ಮಧ್ಯೆ ಗೆರೆ ಎಳೆದು, "ಇಷ್ಟು ತೆಗೆದುಬಿಡ್ತೀವಿ ಮೇಡಂ. ಉಳಿಯೋದು ಒಂದು ಬಾಳೆಕಾಯಿಯಷ್ಟು" ಎಂದರು. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಕೆಲಸಕ್ಕೆ ಸೇರಿದಾಗಿನಿಂದ ಆ ಚಿತ್ರವನ್ನು ಬೋರ್ಡಿನ ಮೇಲೆ ದುಂಡಗೆ, ಅಕ್ಕರೆಯಿಂದ ಬರೆಯುತ್ತ ಬಂದವಳು. ಅವರು ಗೆರೆ ಎಳೆದಾಗ ಯಾರೋ ನನ್ನ ಪಾಠ ಮುಗಿಯುವ ಮೊದಲೇ ಬೋರ್ಡು ಒರೆಸಿದಂತಾಯಿತು.

ಕತ್ತರಿಸುವುದಕ್ಕೆ ನನಗೆ ಅಷ್ಟು ಭಯವಿರಲಿಲ್ಲ. ನನ್ನ ಭಯ ಬೇರೆಯದು. ನಾನು ಹಸಿವಿಗೆ ತಿನ್ನುವವಳಲ್ಲ. ಹಸಿವು ಹೇಗಿರುತ್ತದೆ ಎಂಬುದೇ ನನಗೆ ಸರಿಯಾಗಿ ನೆನಪಿಲ್ಲ. ಅದು ಬರುವ ಮೊದಲೇ ಬೇರೇನೋ ಬಂದಿರುತ್ತದೆ. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಒಂದು ಮಾತಂದರೆ ಸಂಜೆ ಮೆಣಸಿನಕಾಯಿ ಬೋಂಡ. ಬೇಸರಕ್ಕೆ ಖಾರಾಸೇವೆ. ದೊಡ್ಡ ದುಃಖಕ್ಕೆ ಮುದ್ದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ನನ್ನ ವಾದ. ನಮ್ಮ ಕಡೆ ಅಳುವವರನ್ನು ಸಮಾಧಾನ ಮಾಡಲು ಯಾರಿಗೂ ಮಾತು ಬರುವುದಿಲ್ಲ, ಊಟ ಬರುತ್ತದೆ. ನಮ್ಮಪ್ಪ ತೀರಿಕೊಂಡಾಗ ಸೋದರತ್ತೆ ನನ್ನ ಮುಂದೆ ತಟ್ಟೆ ಇಟ್ಟುಕೊಂಡು ಕೂತು, "ಅತ್ತಿದ್ದು ಸಾಕು ಕಣಮ್ಮ. ಒಂದ್ ತುತ್ತು ನುಂಗ್ಬುಡು, ಎದೆ ತಣ್ಣಗಾಯ್ತದೆ" ಎಂದಿದ್ದಳು. ನುಂಗಿದೆ. ನಿಜವಾಗಿಯೂ ತಣ್ಣಗಾಯಿತು.

ಮುದ್ದೆ ಉಣ್ಣದ ಸೀಮೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುದ್ದೆಯನ್ನು ಅಗಿಯುವಂತಿಲ್ಲ. ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ನುಂಗಬೇಕು. ಚಿಕ್ಕಂದಿನಲ್ಲಿ ನಾನು ಅಗಿದರೆ, "ಏನೇ ಅದು, ಎಮ್ಮೆ ಮೆಲುಕು ಹಾಕ್ದಂಗೆ" ಎಂದು ಅಮ್ಮ ಬೈಯುತ್ತಿದ್ದಳು. ಅದರ ಸುಖ ನಾಲಿಗೆಯಲ್ಲಿಲ್ಲ, ಗಂಟಲಲ್ಲಿದೆ. ಬೆಚ್ಚಗೆ ಜಾರಿಕೊಂಡು ಎದೆಯ ನಡುವೆ ಇಳಿದು ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತದೆ. ದುಃಖ ಅದರ ಕೆಳಗೆ ಸಿಕ್ಕಿ ಸುಮ್ಮನಾಗುತ್ತದೆ. ಹೊಟ್ಟೆಯೇ ಬಾಳೆಕಾಯಿಯಷ್ಟಾದರೆ ನನ್ನ ದುಃಖಗಳೆಲ್ಲ ಎಲ್ಲಿ ಕೂರಬೇಕು? ಅಷ್ಟು ಓದಿದ ಡಾಕ್ಟರಲ್ಲಿ ಇಂಥ ಪ್ರಶ್ನೆ ಕೇಳಲು ನಾಚಿಕೆಯಾಗಿ, ಒಂದು ಭಾನುವಾರ ಶಿರಾಕ್ಕೆ ಹೊರಟೆ.

ಶಿರಾದಲ್ಲಿ ಷಮೀಮ್ ಇದ್ದಾಳೆ. ಸಮಾಜ ವಿಜ್ಞಾನದ ಟೀಚರು, ಮೊದಲು ನಮ್ಮ ಶಾಲೆಯಲ್ಲೇ ಇದ್ದವಳು. ಒಂದೇ ಬೆಂಚಿನಲ್ಲಿ ಕೂತು ಡಬ್ಬಿ ಹಂಚಿಕೊಂಡು ಇಬ್ಬರೂ ಒಟ್ಟಿಗೆ ದಪ್ಪಗಾದೆವು. ಕೆಲವು ತಿಂಗಳ ಹಿಂದೆ ಅವಳು ಈ ಆಪರೇಷನ್ ಮಾಡಿಸಿಕೊಂಡಿದ್ದಳು. ಅವಳ ಅತ್ತೆ, ಎಲ್ಲರೂ ಅಮ್ಮಿ ಎಂದು ಕರೆಯುವವರು, ಅವರಿಗೆಂದು ಒಂದು ಚೀಲ ಹುರಿದ ಕಡಲೆಕಾಯಿ ಕಟ್ಟಿಸಿಕೊಂಡು ಹೋದೆ. ಬಾಗಿಲು ತೆಗೆದವಳನ್ನು ನೋಡಿ ಷಮೀಮಳ ತಂಗಿಯೇನೋ ಅಂದುಕೊಂಡೆ.

ಅಮ್ಮಿ ನನಗೆ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಷಮೀಮಳ ಮುಂದೆ ಒಂದು ಬಟ್ಟಲಲ್ಲಿ ತೆಳ್ಳಗಿನ ಬೇಳೆಕಟ್ಟು, ಸಣ್ಣ ಚಮಚ. "ನೋಡಿ ಟೀಚರಮ್ಮ, ಗುಬ್ಬಚ್ಚಿ ಇವ್ಳಿಗಿಂತ ಜಾಸ್ತಿ ತಿಂತೈತೆ" ಎಂದು ಅಮ್ಮಿ ದೂರು ಹೇಳಿ ಒಳಗೆ ಹೋದರು. ಇದೇ ಸಮಯವೆಂದು ನಾನು ಮೆಲ್ಲಗೆ ಕೇಳಿದೆ.

"ಷಮೀಮ್, ಮನಸ್ಸಿಗೆ ಕಷ್ಟ ಆದ್ರೆ ಈಗ ಏನ್ಮಾಡ್ತೀಯೇ?"

"ನೀರು ಕುಡೀತೀನಿ. ತಾರಸಿ ಮೇಲೆ ಅಡ್ಡಾಡ್ತೀನಿ. ಅಭ್ಯಾಸ ಆಗೋಯ್ತು ಬುಡು" ಎಂದಳು. "ನೀನೂ ಮಾಡಿಸ್ಕೊ ಗಿರಿಜಾ. ತಿನ್ನೋ ಆಸೇನೇ ಹೊಂಟೋಯ್ತದೆ."

ನನಗೆ ಎಷ್ಟು ಧೈರ್ಯ ಬಂತೆಂದರೆ ಇನ್ನೊಂದು ಸೌಟು ಸಾರು ಹಾಕಿಕೊಂಡೆ. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಅವಳ ಶಾಲೆಯ ಇನ್ನೊಬ್ಬ ಟೀಚರು. ಹೆಚ್ಚುವರಿ ಶಿಕ್ಷಕರೆಂದು ಷಮೀಮಳ ಹೆಸರು ಬಂದಿದೆಯಂತೆ, ವರ್ಗವಾಗುತ್ತದಂತೆ ಎಂಬ ಸುದ್ದಿ. "ಎಲ್ಲಿಗೆ? ವಳ್ಳೂರಾ? ಪಾವಗಡದ ಆಚೆ ವಳ್ಳೂರಾ?" ಎಂದು ಅವಳ ದನಿ ಏರಿತು. ಫೋನು ಎಡಗೈಯಲ್ಲಿತ್ತು. ಬಲಗೈ ಮೆಲ್ಲಗೆ ನನ್ನ ತಟ್ಟೆಯ ಕಡೆ ಬಂತು. ಅದನ್ನು ನಾನು ನೋಡಿದೆ. ಅದು ಬಂದ ರೀತಿ ನನಗೆ ಬಹಳ ಪರಿಚಿತವಾದ್ದರಿಂದ ವಿಚಿತ್ರ ಅನಿಸಲಿಲ್ಲ. ಒಂದು ದೊಡ್ಡ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು, ನಮ್ಮ ಸೀಮೆಯ ಶಾಸ್ತ್ರದಂತೆ ನುಂಗಿಬಿಟ್ಟಳು. ಹೊಟ್ಟೆಗೆ ಆಪರೇಷನ್ ಆಗಿತ್ತು. ಆ ಕೈಗೆ ಆಗಿರಲಿಲ್ಲ.

ಮಾತು ನಿಂತಿತು. ಫೋನಿನೊಳಗಿಂದ, "ಮೇಡಂ, ಕೇಳಿಸ್ತಿದೆಯಾ?" ಎಂದು ಆ ಟೀಚರು ಕೇಳುತ್ತಲೇ ಇದ್ದರು. ಷಮೀಮ್ ಎದೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಮುಖ ಕಪ್ಪಿಟ್ಟಿತು, ನುಂಗಲಾಗದ ಎಂಜಲು ಬಾಯಿಂದ ಸುರಿಯತೊಡಗಿತು. ನಾನು ಎದ್ದು ನಿಂತೆ. ಜೀರ್ಣಾಂಗವ್ಯೂಹವನ್ನು ಎಷ್ಟೋ ತಂಡದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನನ್ನ ತಲೆಯಲ್ಲಿ ಆಗ ಬಂದದ್ದು ಒಂದೇ ವಾಕ್ಯ: ಅನ್ನನಾಳವು ಸ್ನಾಯುಗಳಿಂದಾದ ಕೊಳವೆ. ಮುಂದಿನದು ಹೊಳೆಯಲಿಲ್ಲ. ಬೆನ್ನು ತಟ್ಟಿದೆ. ನೀರಿನ ಲೋಟ ಬಾಯಿಗೆ ಹಿಡಿದೆ. ಅವಳು ತಳ್ಳಿದ ರಭಸಕ್ಕೆ ಅದು ಉರುಳಿ ಬಾಗಿಲಿಗೆ ಹೋಯಿತು. ಅಮ್ಮಿ ಬೀದಿಗೆ ಓಡಿ ಪಕ್ಕದ ಮನೆಯ ಆಟೋದವನನ್ನು ಕೂಗಿದರು.

ಆಟೋದಲ್ಲಿ ಷಮೀಮ್ ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು. "ಬಿಗಿಯಾಗಿ ಇಡ್ಕೊಳ್ರಕ್ಕ" ಎಂದು ಆಟೋದವನು ಅಂದ. ಆಸ್ಪತ್ರೆ ಕಣ್ಣಿಗೆ ಬೀಳುವ ತಿರುವಿನಲ್ಲಿ ಆ ಹಿಡಿತ ಸಡಿಲವಾಯಿತು. ನೋವಿಗೆ ಅವಳಿಗೆ ಕಣ್ಣು ಕತ್ತಲೆ ಬಂದಿತ್ತು, ಅಷ್ಟೇ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ನನ್ನ ಕೈಯಿಂದ ಒಂದು ಜೀವ ಜಾರಿಹೋಯಿತು ಎಂದೇ ಅಂದುಕೊಂಡೆ. ಇವತ್ತಿಗೂ ಬೋರ್ಡಿನ ಮೇಲೆ ಬರೆಯುತ್ತಿರುವಾಗ, ಬಸ್ಸು ಹತ್ತುವಾಗ, ಆ ಬೆರಳುಗಳು ಮತ್ತೆ ಮತ್ತೆ ಸಡಿಲವಾಗುತ್ತವೆ.

ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ಅಮ್ಮಿ ಬೆಂಚಿನ ಆ ತುದಿಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಈ ತುದಿಯಲ್ಲಿ ನಾನು. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಡಾಕ್ಟರು ಹೊರಗೆ ಬಂದು, "ತುತ್ತು ಈಚೆ ಬಂತು. ಗಾಬರಿ ಇಲ್ಲ. ಎರಡು ದಿನ ನೀರಿನಂಥದ್ದೇ ಕೊಡಿ" ಎಂದರು. ಅವರ ಹಿಂದೆಯೇ ಕಸಬರಿಕೆ ಹಿಡಿದು ಬಂದ ಆಯಾ ನನ್ನ ಕಾಲ ಬುಡ ನೋಡಿ ನಿಂತಳು.

"ಯಾರಮ್ಮ ಇದು, ಆಸ್ಪತ್ರೇಲಿ ಕಡ್ಲೆಕಾಯಿ ಸಿಪ್ಪೆ ಗುಡ್ಡೆ ಹಾಕಿರೋದು? ಓದಿದೋರಂಗೆ ಕಾಣ್ತೀರ."

ಶಾಲೆಯ ಅಂಗಳದಲ್ಲಿ ಚಾಕೊಲೇಟ್ ಕಾಗದ ಎಸೆದವರನ್ನು ಬಿಸಿಲಲ್ಲಿ ನಿಲ್ಲಿಸುವ ನಾನು, ಸಿಪ್ಪೆ ಹಾಕಿದವರು ಯಾರಿರಬಹುದೆಂದು ಆ ಕಡೆ ಈ ಕಡೆ ನೋಡಿದೆ. ಸೆರಗಿನಲ್ಲೂ ಸಿಪ್ಪೆ ಇತ್ತು. ಅಮ್ಮಿಗೆಂದು ತಂದ ಚೀಲ ಯಾವ ಮಾಯದಲ್ಲೋ ನನ್ನ ಜೊತೆ ಆಟೋ ಹತ್ತಿ ಬಂದು ಮಡಿಲಲ್ಲಿ ಖಾಲಿಯಾಗಿ ಕೂತಿತ್ತು. ತಿಂದದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಗೆಳತಿ ಒಳಗೆ ಸಾಯುತ್ತಿದ್ದಾಳೆಂದು ನಂಬಿಕೊಂಡು ನಾನು ಹೊರಗೆ ಕಡಲೆಕಾಯಿ ಬಿಡಿಸುತ್ತಿದ್ದೆ. ಒಳಗೆ ಹೋದಾಗ ಷಮೀಮ್ ಕ್ಷೀಣವಾಗಿ ಹೇಳಿದಳು. "ವಳ್ಳೂರ್ಗೇ ಹಾಕ್ಲಿ ಬುಡು. ಅಲ್ಲಿ ಬಿಸ್ಲಲ್ಲೇ ಕರೆಂಟ್ ಮಾಡ್ತಾರಲ್ಲ. ನಾನೂ ಬಿಸ್ಲು ಕುಡ್ಕೊಂಡು ಇದ್ಬುಡ್ತೀನಿ." ಆಮೇಲೆ ನನ್ನ ಸೆರಗು ನೋಡಿ, "ಅಮ್ಮಿಗೆ ಒಂದಾದ್ರೂ ಕೊಟ್ಯೇನೇ?" ಎಂದಳು.

ಇದನ್ನೆಲ್ಲ ತುಮಕೂರಿನ ಆಸ್ಪತ್ರೆಯ ಆಪ್ತ ಸಮಾಲೋಚಕಿಗೆ ಒಂದೂ ಬಿಡದೆ ಹೇಳಿದೆ. ಆಪರೇಷನ್‌ಗೆ ಮೊದಲು ಅವರು ಒಪ್ಪಬೇಕು. ನನ್ನ ಮಗಳ ವಯಸ್ಸಿನ ಹುಡುಗಿ. "ಹಾಗಾದರೆ ನಿಮಗೆ ಇದು ಬೇಡ, ಮನೆಗೆ ಹೋಗಿ" ಎನ್ನುತ್ತಾರೆಂದು ಒಳಗೊಳಗೇ ಆಸೆಯೂ ಇತ್ತು. ಅವರು ಹಾಗೆ ಅನ್ನಲಿಲ್ಲ. "ಸಿಟ್ಟು, ಭಯ, ದುಃಖ, ಯಾವುದಾದ್ರೂ ಸರಿ. ಒಂದೇ ಒಂದ್ಸಲ ಬಾಯಿಗೆ ಏನೂ ಹಾಕದೆ ಅದರ ಜೊತೆ ಕೂತು ಬನ್ನಿ. ಮತ್ತೆ, ಮುದ್ದೆ ಅಗಿಯೋದು ಕಲೀರಿ. ಆಮೇಲೆ ಡಾಕ್ಟರಿಗೆ ಹೇಳ್ತೀನಿ" ಎಂದರು. ಸಕ್ಕರೆ ಏರುತ್ತಲೇ ಇದೆ, ಬಹಳ ದಿನ ತಳ್ಳುವಂತಿಲ್ಲ ಎಂದೂ ಎಚ್ಚರಿಸಿದರು. ಮಕ್ಕಳಿಗೆ ಪರೀಕ್ಷೆ ಕೊಡುತ್ತ ಬಂದವಳು ನಾನು. ಬಹಳ ವರ್ಷದ ಮೇಲೆ ನನಗೇ ಒಂದು ಪರೀಕ್ಷೆ ಬಂತು.

ಈಗ ದುಃಖಕ್ಕಾಗಿ ಕಾಯತೊಡಗಿದೆ. ಬೇಡವಾದಾಗ ಗುಂಪುಗುಂಪಾಗಿ ಬರುತ್ತಿದ್ದ ಕಷ್ಟಗಳು ಒಮ್ಮೆಲೇ ನನ್ನ ಮನೆಯ ದಾರಿ ಮರೆತವು. ಹೆಡ್‌ಮಾಸ್ಟರು ಮಗಳ ಮದುವೆ ಗೊತ್ತಾದ ಖುಷಿಯಲ್ಲಿ ಎಲ್ಲರನ್ನೂ ಮಾತನಾಡಿಸುತ್ತಿದ್ದರು. ಯಾವ ಹುಡುಗನೂ ಎದುರುತ್ತರ ಕೊಡಲಿಲ್ಲ. ಕೊನೆಗೆ ನಮ್ಮ ಯಜಮಾನರನ್ನೇ ಕೇಳಿಕೊಂಡೆ. ಅವರು ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ, ನೂರು ಜನ ಬೈದರೂ ಕಡ್ಡಿಯ ಹಾಗೆ ನಿಂತಿರುವ ಸಣಕಲು ಮನುಷ್ಯ.

"ರೀ, ನನ್ನ ಏನಾದ್ರೂ ಅನ್ರೀ."

"ಏನಂತ ಅನ್ಲಿ?"

"ಮನಸ್ಸಿಗೆ ನೋವಾಗೋ ಹಂಗೆ."

ಅವರು ಬಹಳ ಹೊತ್ತು ಯೋಚಿಸಿ, "ಸಾರಿಗೆ ಉಪ್ಪು ಕಮ್ಮಿ ಐತೆ" ಎಂದರು. ನನಗೆ ನಿಜಕ್ಕೂ ನೋವಾಯಿತು. ಆದರೆ ಹೌದೋ ಅಲ್ಲವೋ ನೋಡಲು ಅಡುಗೆಮನೆಗೆ ಹೋಗಿ ಎರಡು ಸೌಟು ಸಾರು ಕುಡಿದುಬಿಟ್ಟೆ. ಆ ಪ್ರಯತ್ನ ಅಲ್ಲಿಗೆ ಫೇಲಾಯಿತು.

ಒಂದು ಸಂಜೆ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಬೀದಿಯಲ್ಲಿ ಒಂದು ಆಟೋ ಜೋರಾಗಿ ಹಾರನ್ ಹೊಡೆಯುತ್ತ ಹೋಯಿತು. ಅಷ್ಟೇ. ಆ ತಿರುವು ಬಂತು, ಆ ಬೆರಳುಗಳು ಸಡಿಲವಾದವು. ನನ್ನ ಬಲಗೈ ಆಗಲೇ ಎದ್ದು ಖಾರಾಸೇವೆಯ ಡಬ್ಬಿಯ ಕಡೆ ಹೊರಟಿತ್ತು. ಇನ್ನೇನೂ ತೋಚದೆ ಅದನ್ನು ಹಿಡಿದೆಳೆದು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತುಬಿಟ್ಟೆ. ನನ್ನ ತೂಕ ಮೊದಲ ಸಲ ಒಂದು ಉಪಯೋಗಕ್ಕೆ ಬಂತು. ಕೈ ಅಲುಗಾಡಲಿಲ್ಲ. ಆಟೋ ಮಾತ್ರ ನಿಲ್ಲಲಿಲ್ಲ. ತಿರುವಿನಾಚೆಗೂ ಹೋಯಿತು, ಆ ಬಾಗಿಲು, ಆ ಬೆಂಚು, ಎಲ್ಲವೂ ಒಂದೊಂದಾಗಿ ಬಂದವು. ಅದರ ಹಿಂದೆ ನಮ್ಮಪ್ಪನೂ ಬಂದ. ಅಂದು ಸೋದರತ್ತೆ ಸಾಕೆಂದಳಲ್ಲ, ಅಲ್ಲಿಂದ ಉಳಿದಿದ್ದ ಅಳುವೆಲ್ಲ ಈಗ ಹೊರಗೆ ಬಂತು. ಬಿಕ್ಕಿ ಬಿಕ್ಕಿ ಅತ್ತೆ.

ಅತ್ತು ಮುಗಿದು ಮೂಗು ಒರೆಸಿಕೊಳ್ಳುವ ಹೊತ್ತಿಗೆ ಯಜಮಾನರು ಅಂಗಡಿಯಿಂದ ಬಂದರು. ಮದುವೆಯಾದಾಗಿನಿಂದ ಅವರು ನನ್ನ ಕಣ್ಣೀರು ನೋಡಿದವರಲ್ಲ. ಅದು ಬರುವ ಮೊದಲೇ ನಾನು ತಿಂದು ಮುಗಿಸಿರುತ್ತಿದ್ದೆ. ಬಾಗಿಲಲ್ಲೇ ಗಾಬರಿಯಾಗಿ ನಿಂತು, ಅಡುಗೆಮನೆಗೆ ಹೋಗಿ, ಮಧ್ಯಾಹ್ನದ ಮುದ್ದೆ, ಸಾರು ಹಾಕಿಕೊಂಡು ತಟ್ಟೆ ಹಿಡಿದು ಬಂದರು. "ಅಳ್ಬೇಡ ಕಣೇ. ಒಂದ್ ತುತ್ತು ನುಂಗು" ಎಂದು ತಾವೇ ಮುರಿದು ಬಾಯಿಗಿಟ್ಟರು. ನನ್ನ ಕೈ ಇನ್ನೂ ನನ್ನ ಕೆಳಗೇ ಇತ್ತು, ತಡೆಯಲು ಆಗಲಿಲ್ಲ. ಅಗಿಯತೊಡಗಿದೆ.

"ಲೇ, ಅಗೀತಿದೀಯಾ?" ಎಂದರು ಅವರು. ಅಳುವಿಗಿಂತ ಅದಕ್ಕೇ ಹೆಚ್ಚು ಹೆದರಿದಂತಿತ್ತು.

ಮೊದಲು ಅದು ಒದ್ದೆ ಮಣ್ಣಿನಂತೆ ಹಲ್ಲಿಗೆ ಅಂಟಿತು. ಬಿಡದೆ ಅಗಿದೆ. ಎಷ್ಟೋ ಹೊತ್ತಾದ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಸಣ್ಣಗೆ ಸಿಹಿ ಬಂತು. ಹುಟ್ಟಿದಾಗಿನಿಂದ ನುಂಗುತ್ತ ಬಂದ ರಾಗಿಗೆ ಒಂದು ರುಚಿಯೂ ಇದೆಯೆಂದು ಅಂದು ತಿಳಿಯಿತು.

ಈ ಪರೀಕ್ಷೆಗೆ ಎಷ್ಟು ಅಂಕ ಬರಬಹುದೆಂದು ನನಗೆ ನಿಶ್ಚಯವಿರಲಿಲ್ಲ. ಯಾವ ಮಗುವಿಗೂ ಗ್ರೇಸ್ ಮಾರ್ಕ್ಸ್ ಕೊಡದವಳು ಅಂದು ಆ ಹುಡುಗಿಯ ಎದುರು ಕೈಕಟ್ಟಿ ಕೂತು, "ತಿನ್ನಲಿಲ್ಲ ಮೇಡಂ, ತಿನ್ನಿಸಿದರು" ಎಂದೆ. ಅವರು ಕೇಳಿದ್ದು ಒಂದೇ: "ತಿಂದು ಅಳು ನಿಂತಿತೋ, ಅತ್ತು ಮುಗಿದ ಮೇಲೆ ತಿಂದಿರೋ?" ಅತ್ತು ಮುಗಿದ ಮೇಲೆ ಎಂದೆ. "ಹಾಗಾದ್ರೆ ಪಾಸು" ಎಂದು ನಕ್ಕರು. ಮುಂದಿನ ತಿಂಗಳಿಗೆ ಆಪರೇಷನ್ ಗೊತ್ತಾಯಿತು. ಇನ್ನೊಂದು ವರ್ಷಕ್ಕೆ ಸಿದ್ದರಬೆಟ್ಟದ ಗವಿಯ ನೀರು ಮುಟ್ಟಿಬರಬಹುದು ಎಂದುಕೊಂಡೆ.

ಬಸ್ ಸ್ಟ್ಯಾಂಡಿಗೆ ಬಂದು ಬೆಂಚಿನ ಮೇಲೆ ಕೂತು ಷಮೀಮಳಿಗೆ ಫೋನು ಮಾಡಿದೆ. ಅವಳು ಈಗ ವಳ್ಳೂರಿಗೆ ಹೋಗಿಬರುತ್ತಿದ್ದಾಳೆ. ಬಿಸಿಲಿನ ಜೊತೆ ದಿನಾ ತೆಳ್ಳಗಿನ ಮಜ್ಜಿಗೆಯನ್ನೂ ಕುಡಿಯುತ್ತಾಳಂತೆ. "ಪಾಸಾದೆ ಕಣೇ" ಎಂದೆ. "ನಂಗೊತ್ತಿತ್ತು ಬುಡು. ನಿಮ್ಮೆಜಮಾನ್ರು ಎಲ್ಲಿ?" ಎಂದಳು. ತಿರುಗಿ ನೋಡಿದೆ. ನನ್ನ ಜೊತೆ ಬಂದಿದ್ದ ಯಜಮಾನರು ಮುಖದ ತುಂಬ ನಗುತ್ತ, ಎರಡೂ ಕೈಯಲ್ಲಿ ಬಿಸಿಬಿಸಿ ಮದ್ದೂರು ವಡೆಯ ಪೊಟ್ಟಣ ಹಿಡಿದು ಬರುತ್ತಿದ್ದರು. "ಒಳ್ಳೆ ಸುದ್ದಿ ಅಲ್ವಾ, ತಗೋ" ಎಂದರು. ಆಗ ಹೊಳೆಯಿತು. ಸಿಟ್ಟು, ಭಯ, ದುಃಖ ಎಲ್ಲವನ್ನೂ ಕೇಳಿದ ಆ ಹುಡುಗಿ ಸಂತೋಷದ ವಿಷಯ ಕೇಳಿಯೇ ಇರಲಿಲ್ಲ. ನಾನಾಗಿ ಹೇಳಿಯೂ ಇರಲಿಲ್ಲ.

"ಯಾಕೆ ಸುಮ್ನಾದೆ? ಕೈ ಎಲ್ಲಿ ಐತೆ ನಿಂದು?" ಎಂದು ಷಮೀಮ್ ಅತ್ತಲಿಂದ ಗದರಿದಳು.

ಎಡಗೈಯಲ್ಲಿ ಫೋನಿತ್ತು. ಬಲಗೈಯ ಮೇಲೆ ನಾನು ಆಗಲೇ ಕೂತಾಗಿತ್ತು. ಮಧುಗಿರಿಯ ಬಸ್ಸು ಬಂದು ನಿಂತು, ಕಂಡಕ್ಟರು ಎರಡು ಸಲ ಕೂಗಿದರೂ ಆ ಬೆಂಚಿನಿಂದ ಏಳಲು ನನಗೆ ಧೈರ್ಯವಾಗಲಿಲ್ಲ.