ಎಲ್ಲಿಗೆ ಎಂದು ಕೇಳದ ಮಾವ

ನಾನು ಎರಡು ವರ್ಷ ಪರದೇಶದಲ್ಲಿ ಓದಿ ಬಂದವಳು. ಯಾವ ದೇಶ ಎಂಬುದು ತೋಡೂರಿನ ನಮ್ಮ ಕೇರಿಗೆಲ್ಲ ಗೊತ್ತು, ಅಂಕೋಲೆಯ ಮೀನುಪೇಟೆಗೆ ಗೊತ್ತು, ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನಿಗೂ ಗೊತ್ತು. ಗೊತ್ತಾಗದೆ ಏನು? ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಗೊತ್ತಿಲ್ಲದವನು ಒಬ್ಬನೇ, ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದ ನನ್ನ ಸೋದರಮಾವ. ಅವನ ಕಿವಿ ಚುರುಕು, ನೆನಪು ನನ್ನದಕ್ಕಿಂತ ಗಟ್ಟಿ. ಆದರೆ ಅವನು ಕೇಳಲಿಲ್ಲ. ಕೇಳಬಾರದು ಎಂಬುದು ಅವನ ಶಾಸ್ತ್ರ.

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದೆಂಬ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದೀತು. ನಿಮ್ಮಲ್ಲಿ ಯಾರಾದರೂ ಬಾಯಿ ತಪ್ಪಿ ಕೇಳಿದರೆ ಹಿರಿಯರು ಮುಖ ಸಿಂಡರಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಮಾವನದು ಹಾಗಲ್ಲ. ಅವನು ತಾಂಡೇಲ, ಅಂದರೆ ದೋಣಿ ನಡೆಸುವವನು. ಮೀಸೆ ಚಿಗುರುವ ಮೊದಲೇ ಕಡಲಿಗೆ ಇಳಿದವನು. ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಿದರೆ ಬಲೆ ಬರಿದಾಗಿ ಬರುತ್ತದೆ, ಕೆಲವು ಸಲ ಬಲೆಯೂ ಬರುವುದಿಲ್ಲ. ಅದಕ್ಕೆ ಪರಿಹಾರವೂ ಉಂಟು. ಕೇಳಿದ ಕೂಡಲೇ ಮನೆಗೆ ತಿರುಗಿ ಬರಬೇಕು, ಚಪ್ಪಲಿ ಬಿಡಬೇಕು, ಕೂತು ಒಂದು ಲೋಟ ನೀರು ಕುಡಿಯಬೇಕು, ಆಮೇಲೆ ಹೊಸದಾಗಿ ಹೊರಡಬೇಕು. ಕಡಲಿಗೆ ಹೋಗುವಾಗ ಸರಿ, ಕ್ಷೌರಕ್ಕೆ ಹೋಗುವಾಗಲೂ? ಹೌದು, ಕ್ಷೌರಕ್ಕೂ.

ಇಂಥವನು ಬಸ್ಸು ಹತ್ತಿದರೆ ಏನಾಗಬೇಡ ಹೇಳಿ. ಕಂಡಕ್ಟರ್ ಸಂಬಳ ಪಡೆಯುವುದೇ ‘ಎಲ್ಲಿಗೆ’ ಎಂದು ಕೇಳುವುದಕ್ಕೆ! ಮಾವ ಮೆಟ್ಟಿಲ ಮೇಲೆ ಕಾಲಿಡುವಾಗಲೇ “ಅಂಕೋಲಾ ಒಂದು” ಎಂದು ಕೂಗಿಬಿಡುತ್ತಿದ್ದ. ಹೆಚ್ಚಿನ ಸಲ ಗೆಲ್ಲುತ್ತಿದ್ದ. ಒಂದು ದಿನ ಹೊಸ ಕಂಡಕ್ಟರ್ ಬಾಗಿಲಲ್ಲೇ ನಿಂತು, “ಎಲ್ಲಿಗೆ ಅಜ್ಜಾ?” ಎಂದ. ಮಾವ ಮುಂದಿನ ಸ್ಟಾಪಾದ ಅಮದಳ್ಳಿಯಲ್ಲಿ ಇಳಿದು, ರಸ್ತೆ ದಾಟಿ, ಎದುರಿನ ಬಸ್ಸು ಹಿಡಿದು ಮನೆಗೆ ಬಂದು, ನೀರು ಕುಡಿದು, ಮತ್ತೆ ಹೊರಟ. ಅವನು ಅಂಕೋಲೆಯ ಮದುವೆಮನೆ ತಲುಪುವಷ್ಟರಲ್ಲಿ ಕಡೇ ಪಂಕ್ತಿಯವರು ಕೈ ತೊಳೆಯುತ್ತಿದ್ದರು. ದಾರಿ ತಪ್ಪಿಸಿದ್ದಕ್ಕಿಂತ ‘ಅಜ್ಜಾ’ ಎಂದದ್ದಕ್ಕೇ ಅವನಿಗೆ ಹೆಚ್ಚು ಸಿಟ್ಟು ಬಂದಿತ್ತು.

ಅವನ ಮೂಲ ಮನೆ ಕಡಲ ದಂಡೆಯ ಊರೊಂದರಲ್ಲಿತ್ತು. ನೌಕಾನೆಲೆಗೆಂದು ಆ ಊರು ತೆರವಾದ ದಿನ ಸಾಮಾನೆಲ್ಲ ಲಾರಿಗೆ ಏರಿತ್ತು. ಮಾವ ಕಡೇ ಗಂಟನ್ನು ತಲೆಯ ಮೇಲಿಟ್ಟು ಹೊರಬರುವಾಗ, ಅಲ್ಲಿದ್ದ ಅಧಿಕಾರಿಯೊಬ್ಬರು ಪಾಪ, ಕನಿಕರದಿಂದಲೇ, “ಇನ್ನು ಎಲ್ಲಿಗೆ ಹೋಗ್ತೀರಿ ಯಜಮಾನರೇ?” ಎಂದರು. ಮಾವ ಗಂಟು ಇಳಿಸಿ, ಖಾಲಿ ಮನೆಯೊಳಗೆ ಹೋಗಿ ಕೂತ. ನೀರಿನ ಕೊಡ ಲಾರಿಯಲ್ಲಿತ್ತು. ನೀರು ಕುಡಿಯದೆ ಏಳುವಂತಿಲ್ಲ. ಅವನು ಕೂತದ್ದನ್ನು ಕಂಡು ನಾಲ್ಕು ಜನ ಬಂದು ಪಕ್ಕದಲ್ಲಿ ಕೂತರು. ಅವರನ್ನು ಕಂಡು ಮತ್ತಷ್ಟು ಜನ. ಉಪ್ಪಿನ ಸತ್ಯಾಗ್ರಹದ ಸೀಮೆ ನಮ್ಮದು; ಒಬ್ಬ ನೆಲದ ಮೇಲೆ ಗಟ್ಟಿಯಾಗಿ ಕೂತರೆ ಉಳಿದವರು ಸುಮ್ಮನೆ ನಿಂತಿರುತ್ತಾರೆಯೇ? ಘೋಷಣೆ ಶುರುವಾಯಿತು. ಅಷ್ಟರಲ್ಲಿ ಅತ್ತೆ ಬಾವಿಯಿಂದ ನೀರು ಸೇದಿ ತಂದಳು. ಮಾವ ಕುಡಿದು, ಬಾಯಿ ಒರೆಸಿಕೊಂಡು, ಗಂಟು ಹೊತ್ತು ಹೊರಟೇ ಹೋದ. ಕೂಗುತ್ತಿದ್ದವರು ಇವತ್ತಿಗೂ ಅವನನ್ನು ಕ್ಷಮಿಸಿಲ್ಲ.

ಹಾಗೆ ಅವನು ತೋಡೂರಿಗೆ ಬಂದ. ಅಂಕೋಲೆಯ ನಮ್ಮ ಮನೆಯಿಂದ ಕಾರವಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು ಬೇಡವೆಂದು ಅಮ್ಮ ನನ್ನನ್ನು ಅವನ ಮನೆಯಲ್ಲಿ ಬಿಟ್ಟಳು. ನಾನೋ ವಿಜ್ಞಾನದ ವಿದ್ಯಾರ್ಥಿನಿ. ಎರಡು ಪುಸ್ತಕ ಓದಿದ ಕೂಡಲೇ ಊರಿನ ಮೂಢನಂಬಿಕೆಯನ್ನೆಲ್ಲ ಗುಡಿಸಿ ಹಾಕುವ ಹುಮ್ಮಸ್ಸು. ಒಂದು ಬೆಳಿಗ್ಗೆ ಮಾವ ಪೇಟೆಗೆ ಹೊರಟಾಗ ಬೇಕೆಂತಲೇ, “ಮಾವಾ, ಎಲ್ಲಿಗೆ?” ಎಂದೆ. ಅವನು ತಿರುಗಿ ಬಂದು ನೀರು ಕುಡಿದ. ಮತ್ತೆ ಕೇಳಿದೆ. ಮತ್ತೆ ಕುಡಿದ. ನಾಲ್ಕನೆಯ ಲೋಟಕ್ಕೆ ಅತ್ತೆ ನನ್ನ ಕಿವಿ ಹಿಡಿದಳು.

“ನಮ್ಮ ಮದ್ವೆ ದಿವ್ಸ ದಿಬ್ಬಣ ಹೊರಟಿತ್ತು ತಂಗೀ. ದಾರಿಲಿ ಯಾರೋ ಒಬ್ಬ ಎಲ್ಲಿಗೆ ಹೊರಟ್ರಿ ಅಂದ. ಇವ್ರು ವಾಲಗದೋರ್ನೂ ಸೇರ್ಸಿ ಎಲ್ಲಾರ್ನೂ ಮನೆಗೆ ತಿರ್ಗ್ಸಿ ನೀರು ಕುಡ್ಸಿದ್ರು. ನಾ ಅಲ್ಲಿ ಮಂಟಪದಲ್ಲಿ ಕಾಯ್ತಾ ಕೂತಿದ್ದೆ.”

“ಆಮೇಲೆ?”

“ಆಮೇಲೆಂತ? ಮುಹೂರ್ತ ತಪ್ತು. ಅದ್ಕೇ ನಂಗೆ ಇಂಥ ಗಂಡ ಸಿಕ್ದ.”

ಮಾವ ಜಗಲಿಯಿಂದ, “ನೀರು ಕುಡೀದೇ ಬಂದಿದ್ರೆ ಇಂಥ ಗಂಡನೂ ಸಿಗ್ತಿರ್ಲಿಲ್ಲ” ಎಂದ.

ಡಿಗ್ರಿ ಮುಗಿಯಿತು. ಕಡಲಿನ ಮೀನುಗಳ ಬಗ್ಗೆ ಓದಲು ಪರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನದೊಂದಿಗೆ ಸೀಟು ಸಿಕ್ಕಿತು. ಸೈಬರ್ ಕೆಫೆಯಲ್ಲಿ ಇಮೇಲ್ ಓದಿ, ಅದರ ಪ್ರಿಂಟ್ ಹಿಡಿದು, ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳುತ್ತ ಮನೆಗೆ ಬಂದೆ. “ಮಾವಾ, ನಾನು...” ಎಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಎರಡೂ ಕಿವಿ ಮುಚ್ಚಿಕೊಂಡ.

“ಹೇಳ್ಬೇಡ.”

“ನೀನು ಕೇಳಲೇ ಇಲ್ವಲ್ಲ. ನಾನಾಗಿಯೇ ಹೇಳೂದು.”

“ಉತ್ತರ ಕೇಳ್ಸ್ಕಂಡ್ರೆ ಪ್ರಶ್ನೆ ಕೇಳ್ದಂಗೇ. ಹೋಗು, ಓದು, ಬಾ. ಬಂದ್ಮೇಲೆ ಹೇಳು.”

ಅಂದಿನಿಂದ ನಮ್ಮ ಮನೆಯಲ್ಲಿ ಆ ದೇಶದ ಹೆಸರು ‘ಆ ಬದಿ’ ಎಂದಾಯಿತು. ಆ ಬದಿಯಲ್ಲಿ ಚಳಿಯಂತೆ, ಆ ಬದಿಗೆ ಎರಡು ಕಂಬಳಿ ಬೇಕಂತೆ. ಅಭ್ಯಾಸಬಲ ನೋಡಿ, ನಾನೂ ನಿಮಗೆ ಇನ್ನೂ ಹೆಸರು ಹೇಳಿಲ್ಲ.

ವೀಸಾ ಕೇಳಲು ಮುಂಬೈಗೆ ಹೋದೆ. ಮೂಢನಂಬಿಕೆಗಳ ಶತ್ರುವಾದ ನಾನು, ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು, ಇಂಗ್ಲಿಷನ್ನು ಬಾಯಿಪಾಠ ಮಾಡಿಕೊಂಡು ಅಧಿಕಾರಿಯ ಎದುರು ಕೂತೆ. ಅವರು ನಗುತ್ತ ಕೇಳಿದ ಮೊದಲ ಪ್ರಶ್ನೆಯೇ, “ಎಲ್ಲಿಗೆ ಹೋಗುತ್ತಿದ್ದೀರಿ?” ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ಬಾಗಿಲ ಕಡೆ ತಿರುಗಿದೆ. ಅವರು ಗಾಬರಿಯಾಗಿ, “ಆರೋಗ್ಯ ಸರಿಯಿಲ್ಲವೇ?” ಎಂದರು. “ಕುಡಿಯಲು ನೀರು ಸಿಗಬಹುದೇ?” ಎಂದೆ. ಕೊಟ್ಟರು. ಮೇಜಿನ ಕೆಳಗೆ ಗುಟ್ಟಾಗಿ ಚಪ್ಪಲಿ ಬಿಟ್ಟು, ಕೂತು, ಕುಡಿದು, ಆಮೇಲೆ ಉತ್ತರ ಹೇಳಿದೆ. ಐದು ವರ್ಷ ಅವನ ಮನೆಯ ಅನ್ನ ತಿಂದರೆ ಇನ್ನೇನಾಗುತ್ತದೆ?

ಹೊರಡುವ ದಿನ ಮಾವ ಬೆಳಗಾಗುತ್ತಲೇ ಮನೆಮನೆಗೆ ಹೋಗಿ ತಾಕೀತು ಮಾಡಿ ಬಂದಿದ್ದ: ಯಾರೂ ತುಟಿ ಬಿಚ್ಚಕೂಡದು. ಎಲ್ಲಿಗೆ ಎಂಬುದೊಂದೇ ಬೇಡ ಎಂದಿದ್ದರೆ ಸಾಕಿತ್ತು. ನಮ್ಮ ಕೇರಿಯವರು ಬಾಯಿ ತೆರೆದರೆ ಯಾವ ಮಾತು ಹೊರಬೀಳುತ್ತದೆಂದು ಅವರಿಗೇ ನಂಬಿಕೆಯಿಲ್ಲ, ಹಾಗಾಗಿ ಅವರೂ ಮಾತೇ ಬೇಡವೆಂದು ಒಪ್ಪಿಕೊಂಡಿದ್ದರು. ನಾನು ಪೆಟ್ಟಿಗೆ ಹಿಡಿದು ಹೊರಬಂದಾಗ ಹೆಂಗಸರು ಗಂಡಸರು ಎಲ್ಲ ಎರಡು ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಹಾದಿಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ, ಸಾವಿನ ಮನೆಯೆಂದುಕೊಂಡನೋ ಏನೋ, ಸೈಕಲ್ ಇಳಿದು, ಟೊಪ್ಪಿಗೆ ತೆಗೆದು, ನನಗೇ ಕೈಮುಗಿದ.

ವಿಮಾನ ನಿಲ್ದಾಣದಲ್ಲಿ ಬಾಗಿಲಿನವನು ಎಲ್ಲಿಗೆ ಎಂದ, ಪೆಟ್ಟಿಗೆ ತೂಗುವವಳು ಎಲ್ಲಿಗೆ ಎಂದಳು, ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವನೂ ಎಲ್ಲಿಗೆ ಎಂದ. ನಾನು ಎಷ್ಟು ನೀರು ಕುಡಿದೆನೆಂದರೆ, ವಿಮಾನ ಏರಿದ ಮೇಲೆ ಕಿಟಕಿಯ ಸೀಟಿನಲ್ಲಿ ಕೂತದ್ದಕ್ಕಿಂತ ಪಾಯಖಾನೆಯ ಮುಂದೆ ನಿಂತದ್ದೇ ಹೆಚ್ಚು. ನನ್ನ ಮೊದಲ ವಿಮಾನಯಾನದಲ್ಲಿ ಮೋಡ ಹೇಗಿತ್ತು ಎಂದು ಯಾರೂ ನನ್ನನ್ನು ಕೇಳಬೇಡಿ.

ಆ ಬದಿಯಲ್ಲಿ ನನ್ನ ಮಾನ ಕಳೆಯಲು ಬೇರೆಯವರ ಸಹಾಯ ಬೇಕಾಗಲಿಲ್ಲ. “ನಾವು ಕಡಲಿನ ಜನ, ನನ್ನ ಮಾವ ತಾಂಡೇಲ” ಎಂದು ತರಗತಿಯಲ್ಲಿ ಕೊಚ್ಚಿಕೊಂಡಿದ್ದೆ. ಸಮುದ್ರದ ಮೇಲೆ ಪಾಠವೆಂದು ದೋಣಿಯಲ್ಲಿ ಕರೆದುಕೊಂಡು ಹೋದ ದಿನ, ಬಂದರಿನ ದೀಪಸ್ತಂಭ ದಾಟುವ ಮೊದಲೇ ಬಕೆಟ್ಟು ತಬ್ಬಿಕೊಂಡು ಕೂತೆ. ನಾನು ಮೀನು ತಿಂದು ಬೆಳೆದವಳು, ಮೀನು ಹಿಡಿದು ಅಲ್ಲ. ಈ ವ್ಯತ್ಯಾಸ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಸಹಪಾಠಿಗಳು ಒಳ್ಳೆಯವರು, ನಕ್ಕದ್ದು ಬೆನ್ನ ಹಿಂದೆ.

ಪ್ರತಿ ಭಾನುವಾರ ಫೋನ್ ಕಾರ್ಡು ತಂದು ಮಾವನಿಗೆ ಫೋನು ಮಾಡುತ್ತಿದ್ದೆ. ಅವನ ಪ್ರಶ್ನೆಗಳು ಎರಡೇ. “ಊಟ ಆಯ್ತಾ? ಗಾಳಿ ಯಾವ ಬದಿದು?” ನಾಲ್ಕು ಗೋಡೆಯ ಕೋಣೆಯಲ್ಲಿ ಕಂಬಳಿ ಹೊದ್ದು ಕೂತವಳಿಗೆ ಗಾಳಿ ಯಾವ ದಿಕ್ಕಿನದೋ ಯಾರಿಗೆ ಗೊತ್ತು? ಬಾಯಿಗೆ ಬಂದಂತೆ ‘ಪಡುವಣ ಗಾಳಿ’ ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಬದಲಾಯಿಸಲು ಸೋಮಾರಿತನ, ಎರಡು ವರ್ಷವೂ ಅದೇ. ತಿರುಗಿ ಬಂದ ಮೇಲೆ ಅತ್ತೆ ಹೇಳಿದಳು: “ಆ ಬದಿಲಿ ಯಾವಾಗ್ಲೂ ಪಡುವಣ ಗಾಳಿಯೇ ಅಂತೆ, ದೋಣಿ ಮಗುಚೂ ಗಾಳಿ ಅದು, ಹುಡ್ಗಿ ಹೆಂಗೆ ತಡ್ಕಂತದೋ ಅಂತ ಹೇಳಿ ಇವ್ರು ಭಾನುವಾರ ಸರಿಯಾಗಿ ಊಟ್ವೇ ಮಾಡ್ತಿರ್ಲಿಲ್ಲ.” ಕೇಳಿ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಬಂದ ದಿನ ಮಾತಿನಂತೆ ಹೆಸರು ಹೇಳಲು ಹೋದೆ. ಮಾವ ನನ್ನ ಮುಖ ನೋಡಿ, “ನೀ ಮತ್ತೆ ಹೋಗೂದು ಅದೆ ಕಾಣ್ತದೆ. ಈಗ್ಲೇ ಬೇಡ” ಎಂದು ಕಿವಿ ಮುಚ್ಚಿಕೊಂಡ. ಅವನ ಊಹೆ ಸರಿಯಾಗಿತ್ತು. ಅಲ್ಲೇ ನಾಲ್ಕು ವರ್ಷ ಸಂಶೋಧನೆ ಮಾಡಲು ಒಪ್ಪಿಕೊಂಡು ಬಂದಿದ್ದೆ. ಆ ಮಳೆಗಾಲ ಮಾವ ದೋಣಿ ಮಾರಿದ. ಮೊಣಕಾಲು ಕೇಳುವುದಿಲ್ಲ ಎಂದ. ಆದರೂ ಹಳೆಯ ಬಲೆಯೊಂದನ್ನು ಇಟ್ಟುಕೊಂಡು ಹರಿಯದಿದ್ದ ಕಡೆಯೂ ಹೊಲಿಯುತ್ತ ಜಗಲಿಯಲ್ಲಿ ಕೂತಿರುತ್ತಿದ್ದ. ನಾನು ಕದ್ದು ಅವನನ್ನು ನೋಡುತ್ತಿದ್ದೆ. ನಾಲ್ಕು ವರ್ಷ ಅಂದರೆ ಅವನ ವಯಸ್ಸಿಗೆ ಸಣ್ಣ ಮಾತಲ್ಲ. ತಿರುಗಿ ಬರುವಾಗ ಈ ಜಗಲಿಯಲ್ಲಿ ಅವನು ಇರಬೇಕು ಎಂಬುದೊಂದೇ ನನ್ನ ಮನಸ್ಸಿನಲ್ಲಿತ್ತು.

ಎರಡನೆಯ ಸಲ ಹೊರಟ ಮಧ್ಯಾಹ್ನ ಕಾರವಾರ ಸ್ಟೇಷನ್ನಿಗೆ ಹೋಗಲು ರಿಕ್ಷಾ ಬಂದು ನಿಂತಿತ್ತು. ಕೇರಿಯವರಿಗೆ ಈಗ ಚೆನ್ನಾಗಿ ಅಭ್ಯಾಸವಾಗಿತ್ತು. ತಾಕೀತಿಲ್ಲದೆಯೇ ಬಾಯಿ ಮುಚ್ಚಿ ನಿಂತಿದ್ದರು. ಅತ್ತೆಯ ಕಾಲು ಮುಟ್ಟಿದೆ, ಮಾವನ ಕಾಲು ಮುಟ್ಟಿದೆ. “ಬರ್ತೇನೆ ಮಾವಾ” ಎಂದೆ. ಅವನು ಬಲೆಯಿಂದ ತಲೆ ಎತ್ತಲಿಲ್ಲ. ಚಪ್ಪಲಿ ಮೆಟ್ಟಿ, ಪೆಟ್ಟಿಗೆ ಎತ್ತಿ, ಅಂಗಳಕ್ಕೆ ಇಳಿದೆ.

“ಎಲ್ಲಿಗೆ ಹೊರಟೆ ತಂಗೀ?”

ಯಾರು ಈ ತಪ್ಪು ಮಾಡಿದವರೆಂದು ಎಲ್ಲರೂ ಸುತ್ತ ನೋಡಿದರು. ನಾನೂ ನೋಡಿದೆ. ಕೇಳಿದವನು ಮಾವ. ಕೈಯಲ್ಲಿ ಬಲೆ ಹಾಗೇ ಇತ್ತು, ಕಣ್ಣು ನೆಲದ ಮೇಲಿತ್ತು.

“ಕೇಳಿ ಆಗೋಯ್ತು” ಎಂದ ಮಾವ. “ಇನ್ನೆಂತ ಮಾಡೂದು. ಬಾ, ಚಪ್ಲಿ ಬಿಡು. ಕೂತು ನೀರು ಕುಡ್ದೇ ಹೋಗ್ಬೇಕಲ್ಲ.”

ಪೆಟ್ಟಿಗೆ ಇಳಿಸಿದೆ. ಚಪ್ಪಲಿ ಬಿಟ್ಟು ಅವನ ಪಕ್ಕದಲ್ಲಿ ಕೂತೆ. ಜೀವಮಾನವಿಡೀ ಯಾರನ್ನೂ ಕೇಳದವನು ನನ್ನನ್ನು ಕೇಳಿದ್ದ. ಕೇಳಿದ ಮೇಲೆ ಉತ್ತರ ಹೇಳಬೇಕಲ್ಲ.

“ನಾರ್ವೆಗೆ, ಮಾವಾ.”

ಅವನು ಆ ಹೆಸರನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡ. “ದೂರ ಆಗ್ತದ್ಯಾ?”

“ದೂರ.”

“ಹಾಂ. ಗೊತ್ತಿತ್ತು.”

ಅತ್ತೆ ಲೋಟದಲ್ಲಿ ನೀರು ತಂದಳು. ಒಂದೊಂದೇ ಗುಟುಕಾಗಿ ಕುಡಿದೆ. ರಿಕ್ಷಾದವನು ಹಾರ್ನ್ ಒತ್ತಿದ. ಲೋಟದ ತಳ ಕಾಣುವ ಹೊತ್ತಿಗೆ ಮಾವ ಅತ್ತೆಯ ಕಡೆ ತಿರುಗಿ, “ಈ ಲೋಟ ಸಣ್ಣದಾಯ್ತು. ಚೆಂಬು ತಾ” ಎಂದ.

ಅತ್ತೆ ಒಳಗೆ ಹೋಗಿ ಕೊಡವನ್ನೇ ತಂದಿಟ್ಟಳು.